ರೀಸ್ಟಾರ್ಟ್ ರಾಯರು

ನಮ್ಮ ಬೀದಿಯಲ್ಲಿ ಯಾರ ಮನೆಯ ಮಿಕ್ಸಿ ಒಂದು ಶ್ರುತಿ ಇಳಿದು ಕೂಗಿದರೂ ರಾಯರಿಗೆ ಗೊತ್ತಾಗುತ್ತದೆ. ಐದೇ ನಿಮಿಷದಲ್ಲಿ ಗೇಟಿನ ಚಿಲಕ ಸದ್ದು ಮಾಡುತ್ತದೆ. ಬಿಳಿ ಅರ್ಧತೋಳಿನ ಅಂಗಿ, ಜೇಬಿನಲ್ಲಿ ಪೆನ್ನಿನ ಪಕ್ಕ ಹಳದಿ ಹಿಡಿಯ ಟೆಸ್ಟರು, ಮುಖದಲ್ಲಿ ಕಾಯಿಲೆಯವರನ್ನು ನೋಡಲು ಬಂದವರ ಗಾಂಭೀರ್ಯ. ಚಪ್ಪಲಿ ಬಿಡುತ್ತಲೇ "ಯಾವಾಗಿಂದ ಹೀಗೆ?" ಎನ್ನುತ್ತಾರೆ. ಏನು ಕೆಟ್ಟಿದೆ ಅಂತ ನಾವಿನ್ನೂ ಹೇಳಿಯೇ ಇರುವುದಿಲ್ಲ. ಕೆಲವು ಸಲ ನಮಗೇ ಗೊತ್ತಿರುವುದಿಲ್ಲ.

ಇಂಥವರೊಬ್ಬರು ಎಲ್ಲ ಬೀದಿಯಲ್ಲೂ ಇರುತ್ತಾರೆ. ನಿಮ್ಮ ಬೀದಿಯಲ್ಲಿ ಯಾರೂ ಕಾಣುತ್ತಿಲ್ಲವೆಂದರೆ ಬಹುಶಃ ಅದು ನೀವೇ.

ನಮ್ಮ ಮೈಸೂರಿನ ಈ ರಾಯರು ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೇಂಟೆನೆನ್ಸ್ ನೋಡಿಕೊಂಡಿದ್ದು ನಿವೃತ್ತರಾದವರು. ಕಾರ್ಖಾನೆ ಅವರನ್ನು ಬಿಟ್ಟಿತು, ಮೇಂಟೆನೆನ್ಸ್ ಬಿಡಲಿಲ್ಲ. ಅವರ ವೈದ್ಯದಲ್ಲಿ ಸಕಲ ರೋಗಕ್ಕೂ ಮದ್ದು ಒಂದೇ: ಆಫ್ ಮಾಡಿ, ಆನ್ ಮಾಡಿ. ಬೀದಿಯ ಹುಡುಗರು ರೀಸ್ಟಾರ್ಟ್ ರಾಯರು ಅಂತ ಹೆಸರಿಟ್ಟಿದ್ದು ಅದಕ್ಕೇ. ಎದುರುಮನೆಯ ಹೊಸ ಜೋಡಿ ವಾರಗಟ್ಟಲೆ ಮಾತು ಬಿಟ್ಟಿದ್ದಾಗ "ಹುಡುಗಿ ನಾಲ್ಕು ದಿನ ತವರಿಗೆ ಹೋಗಿಬರಲಿ" ಎಂದವರೂ ಇವರೇ. ಹೋಗಿಬಂದ ಮೇಲೆ ಸರಿಹೋಯಿತು ಎನ್ನುವುದು ಬೇರೆ ಮಾತು. ಅದರಿಂದ ಅವರ ಸಿದ್ಧಾಂತಕ್ಕೆ ಇನ್ನಷ್ಟು ಬಲ ಬಂತು.

ಎರಡನೆಯ ವ್ರತ ಕರೆಂಟು ಉಳಿಸುವುದು. ತಮ್ಮ ಮನೆಯದಲ್ಲ, ಊರಿನದು. ರಾಯರು ನಮ್ಮ ಹಾಲನ್ನು ದಾಟಿ ಅಡುಗೆಮನೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಹಾಲಿನ ಫ್ಯಾನು ನಿಂತಿರುತ್ತದೆ. ಅದರ ಕೆಳಗೆ ನಾನು ಕೂತಿದ್ದೇನೆ ಎನ್ನುವುದು ಅವರ ಕೈಗೆ ಗೊತ್ತಾಗುವುದಿಲ್ಲ. ನನ್ನ ಲ್ಯಾಪ್‌ಟಾಪಿಗೆ ಚಾರ್ಜರು ಸಿಕ್ಕಿಸಿದ್ದು ಕಂಡರೆ "ತುಂಬಿದ ಹೊಟ್ಟೆಗೆ ಯಾಕೆ ತುರುಕ್ತೀರಿ?" ಎಂದು ಕಿತ್ತು, ವೈರನ್ನು ಜನಿವಾರದಷ್ಟು ಶಿಸ್ತಾಗಿ ಸುತ್ತಿಡುತ್ತಾರೆ.

ಆ ಗುರುವಾರದ ಕಥೆಗೆ ಬರುತ್ತೇನೆ. ತಪ್ಪು ನನ್ನದೇ. ಮೂರು ವಾರದಿಂದ ಲ್ಯಾಪ್‌ಟಾಪಿನ ಮೂಲೆಯಲ್ಲಿ ಹೊಸ ಆಪರೇಟಿಂಗ್ ಸಿಸ್ಟಮ್ ಸಿದ್ಧವಿದೆ, ಹಾಕಿಕೊಳ್ಳಿ ಎಂಬ ಚೀಟಿ ಇಣುಕುತ್ತಿತ್ತು. 'ಆಮೇಲೆ ನೆನಪಿಸು' ಒತ್ತಿ ಒತ್ತಿ ಬೇಸತ್ತು, ಬುಧವಾರ ರಾತ್ರಿ ಹ್ಞೂ ಅಂದೆ. ಬೆಳಿಗ್ಗೆ ನೋಡಿದರೆ ಗುಂಡಿಗಳ ಮೂಲೆಗಳೆಲ್ಲ ದುಂಡಗಾಗಿದ್ದವು, ಬಣ್ಣ ಬದಲಾಗಿತ್ತು, ಹತ್ತು ನಿಮಿಷಕ್ಕೊಮ್ಮೆ ವೈಫೈ ಕಡಿದು ಬೀಳುತ್ತಿತ್ತು. ಆ ಸಂಜೆ ಪತ್ರಿಕೆಗೆ ಅಂಕಣ ಕಳಿಸಬೇಕಿತ್ತು. ನಾನು ಬರೆಯುತ್ತಿರುವಾಗ ಇರುತ್ತಿದ್ದ ವೈಫೈ, ಮುಂದಿನ ವಾಕ್ಯಕ್ಕೆ ಸೂರು ನೋಡುತ್ತ ಕೂತಾಗ ಮಾಯ.

"ನೀವು ಕೆಲಸ ಮಾಡ್ತಿಲ್ಲ ಅಂತ ಅದಕ್ಕೆ ಗೊತ್ತಾಗಿದೆ" ಎಂದಳು ನನ್ನಾಕೆ.

ಗೇಟಿನ ಚಿಲಕ ಸದ್ದು ಮಾಡಿತು.

ರಾಯರು ಮೊದಲು ಫ್ಯಾನು ಆರಿಸಿದರು. ಆಮೇಲೆ ಚಾರ್ಜರು ಕಿತ್ತರು. ಆಮೇಲೆ ರೌಟರಿನ ಪ್ಲಗ್ಗು ತೆಗೆದು, ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಜಪಿಸಿದರು. ಕೆಪಾಸಿಟರಿನಲ್ಲಿ ಉಳಿದ ಕರೆಂಟು ಪೂರ್ತಿ ಇಳಿಯಲು ಅರ್ಧ ನಿಮಿಷ ಬೇಕಂತೆ. ಅರ್ಧ ನಿಮಿಷ ಅಂದರೆ ಅವರ ಲೆಕ್ಕದಲ್ಲಿ ಮೂರು ಗಾಯತ್ರಿ. ಜಪ ಮುಗಿದು ಪ್ಲಗ್ಗು ಹಾಕಿದಾಗ ದೀಪಗಳು ಒಂದೊಂದಾಗಿ ಹತ್ತಿದವು, ವೈಫೈ ಬಂತು. ರಾಯರು ನನ್ನ ಕಡೆ ನೋಡಿದ ನೋಟದಲ್ಲಿ ಬಿಲ್ಲಿರಲಿಲ್ಲ ಅಷ್ಟೆ, ಶಸ್ತ್ರಚಿಕಿತ್ಸೆ ಮುಗಿಸಿದ ವೈದ್ಯರ ಉಳಿದೆಲ್ಲವೂ ಇತ್ತು. ಕಾಫಿ ಅರ್ಧ ಲೋಟ ಆಗುವಷ್ಟರಲ್ಲಿ ಮತ್ತೆ ಹೋಯಿತು.

ಆಗ ಶುರುವಾಯಿತು ನೋಡಿ ತನಿಖೆ. ಮೊದಲ ಆಪಾದಿತ, ಅಡುಗೆಮನೆಯ ಮೈಕ್ರೋವೇವ್. "ಅದು ಓಡೋದೂ 2.4 ಗಿಗಾಹರ್ಟ್ಸ್ ಆಸುಪಾಸಲ್ಲೇ, ವೈಫೈ ಓಡೋದೂ ಅಲ್ಲೇ. ಒಂದೇ ದಾರಿ. ಅಮ್ಮಾ, ನೀವು ಹುಳಿ ಬಿಸಿ ಮಾಡಿದಾಗೆಲ್ಲ ಇಲ್ಲಿ ವೈಫೈ ತಣ್ಣಗಾಗುತ್ತೆ!" ಮಾತು ಸುಳ್ಳಲ್ಲ, ಮೈಕ್ರೋವೇವಿನಿಂದ ಸೋರುವ ಚೂರು ಅಲೆಯೂ ಹತ್ತಿರದ ವೈಫೈಯನ್ನು ಕೆಡಿಸಬಲ್ಲದು. ಆದರೆ ನಮ್ಮದು ಆ ಹೊತ್ತಿಗೆ ಓಡುತ್ತಲೇ ಇರಲಿಲ್ಲ. "ಹುಳಿ ಒಲೆ ಮೇಲಿದೆ ರಾಯರೇ" ಎಂದು ಒಳಗಿಂದ ಉತ್ತರ ಬಂತು. ಧ್ವನಿಯಲ್ಲಿ ಒಗ್ಗರಣೆಯ ಸಾಸಿವೆ ಸಿಡಿಯುತ್ತಿತ್ತು.

ಮುಂದಿನ ಸಂಶಯ ನೆರೆಹೊರೆಯ ಮೇಲೆ. ನನ್ನ ಫೋನಿನಲ್ಲಿ ಸುತ್ತಲಿನ ವೈಫೈಗಳ ಪಟ್ಟಿ ತೆಗೆದರೆ ಹದಿನಾಲ್ಕು ಹೆಸರು. 2.4ರಲ್ಲಿ ಚಾನಲ್ಲುಗಳು ಹದಿಮೂರಿದ್ದರೂ ಒಂದರ ಮೈಮೇಲೊಂದು ಬೀಳದೆ ಕೂರುವುದು 1, 6, 11, ಈ ಮೂರೇ. ನಮ್ಮ ಬೀದಿಯ ಬಹುತೇಕ ರೌಟರುಗಳು 6ರಲ್ಲಿ ಕಿಕ್ಕಿರಿದಿದ್ದವು, ದಸರೆಯ ದಿನ ಅರಮನೆ ಮುಂದೆ ನಿಂತ ಹಾಗೆ. ರಾಯರು ನಮ್ಮದನ್ನು 11ಕ್ಕೆ ಎಬ್ಬಿಸಿ ಕೂರಿಸಿದರು. ಹಾಗಾದರೆ 5 ಗಿಗಾಹರ್ಟ್ಸ್‌ಗೇ ಹೋಗಬಾರದೇ ಎಂದು ನಾನು ಕೇಳಿದ್ದಕ್ಕೆ ಸಿಕ್ಕ ಪಾಠವನ್ನು ಮರೆಯಲಾರೆ: "2.4 ಅಂದ್ರೆ ಹಳ್ಳಿ ಬಸ್ಸು ಸ್ವಾಮಿ. ನಿಧಾನ, ಆದರೆ ಸಂದಿಗೊಂದಿಗೂ ನುಗ್ಗುತ್ತೆ. 5 ಅಂದ್ರೆ ನಾನ್‌ಸ್ಟಾಪು. ವೇಗ ಭಾಳ, ನಿಮ್ಮ ರೂಮಿನ ಸ್ಟಾಪಿಗೆ ಬರೋಲ್ಲ. ಈ ಗೋಡೆ ನೋಡಿ, ನಿಮ್ಮ ತಾತ ಕಟ್ಟಿಸಿದ್ದು, ಒಂದೂವರೆ ಅಡಿ!" ತಾತನ ಮೇಲೂ ಆಪಾದನೆ ಬಂದಾಯಿತು.

ಇಷ್ಟಾಗುವಷ್ಟರಲ್ಲಿ ರೌಟರು ಬೀರುವಿನ ತಲೆಯ ಮೇಲೆ ಏರಿತ್ತು. ಅಲ್ಲಿದ್ದ ಗೊಂಬೆಗಳ ಪೆಟ್ಟಿಗೆ ನನ್ನ ಮಂಚದ ಮೇಲಿತ್ತು. ವೈಫೈ ಬಂತು, ಹೋಯಿತು.

ಮುಂದಿನ ಹೆಜ್ಜೆ 'ಫರ್ಗೆಟ್'. ಹಳೆಯ ನೆನಪು ಅಳಿಸಿ ಹೊಸದಾಗಿ ಪರಿಚಯ ಮಾಡಿಕೊಂಡರೆ ಸಂಬಂಧ ಗಟ್ಟಿಯಾಗುತ್ತದಂತೆ. ನನ್ನನ್ನು ಕೇಳದೆ ಒತ್ತಿಬಿಟ್ಟರು. ಮರೆತದ್ದು ಲ್ಯಾಪ್‌ಟಾಪು, ನೆನಪಿಸಿಕೊಳ್ಳಬೇಕಾದವನು ನಾನು. ಪಾಸ್‌ವರ್ಡ್ ಇದ್ದದ್ದು ರೌಟರಿನ ತಳದ ಚೀಟಿಯಲ್ಲಿ. ರೌಟರು ಬೀರುವಿನ ಮೇಲೆ. ಸ್ಟೂಲಿನ ಮೇಲೆ ನಾನು. ಚೀಟಿಯ ಐದನೆಯ ಅಕ್ಷರ ಸೊನ್ನೆಯೋ, ಇಂಗ್ಲಿಷಿನ 'ಓ'ನೋ ಎಂಬ ಬಗ್ಗೆ ನಾವಿಬ್ಬರೂ ಇಪ್ಪತ್ತು ನಿಮಿಷ ಶಾಸ್ತ್ರಾರ್ಥ ಮಾಡಿದೆವು. ಓ ಎಂದು ಪಟ್ಟು ಹಿಡಿದವನು ನಾನು. ಸೊನ್ನೆಯಾಗಿತ್ತು. ರಾಯರು ಏನೂ ಅನ್ನಲಿಲ್ಲ; ಆ ಏನೂ ಅನ್ನದಿರುವುದನ್ನೇ ತಡೆದುಕೊಳ್ಳುವುದು ಕಷ್ಟ.

ಕೊನೆಗೆ ಅವರು ನೇರವಾಗಿ ರೋಗದ ಹತ್ತಿರ ಬಂದರು. "ಗಾಡಿ ಹೊಸದು, ಡ್ರೈವರ್ ಹಳಬ. ಅದೇ ತಕರಾರು." ಇದಂತೂ ನಿಜವಾಗಿ ಆಗುವಂಥದ್ದೇ, ಸಿಸ್ಟಮ್ ಬದಲಾದಾಗ ವೈಫೈ ಚಿಪ್ಪನ್ನು ನಡೆಸುವ ಪುಟ್ಟ ತಂತ್ರಾಂಶ ಹಳೆಯದಾಗಿಯೇ ಉಳಿದರೆ, ಅಥವಾ ಹೊಂದದ ಹೊಸದು ಬಂದು ಕೂತರೆ, ಹೀಗೆ ಕಡಿದು ಬೀಳುವುದುಂಟು. ಹೊಸ ಡ್ರೈವರು ತರಿಸಲು ಇಂಟರ್‌ನೆಟ್ ಬೇಕು. ಇಂಟರ್‌ನೆಟ್ ಬರಲು ಡ್ರೈವರು ಬೇಕು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು. ನನ್ನಾಕೆಯ ಫೋನಿನ ಹಾಟ್‌ಸ್ಪಾಟಿನಿಂದ ಅವಳ ಒಂದು ದಿನದ ಡೇಟಾ ಎಲ್ಲ ಬಳಸಿ ಡ್ರೈವರನ್ನು ಇಳಿಸಿದೆವು. ಅವಳ ಧಾರಾವಾಹಿಯ ಹೊತ್ತು ಅದು. ಹುಳಿ ಬಡಿಸುವಾಗ ಸೌಟು ತಟ್ಟೆಗೆ ತಗುಲಿದ ಸದ್ದಿನಲ್ಲೇ ನನಗೆ ವಿಷಯ ತಿಳಿಯಿತು.

ಹೊಸ ಡ್ರೈವರು ಗಾಡಿ ಹತ್ತಿದ. ಹದಿನೈದು ನಿಮಿಷ ಓಡಿಸಿದ. ಇಳಿದು ಹೋದ.

ರಾತ್ರಿ ಒಂಬತ್ತಾಗಿತ್ತು. ಅಂಕಣವನ್ನು ಫೋನಿನಲ್ಲೇ ಒಂದೊಂದು ಅಕ್ಷರ ಕುಟ್ಟಿ ಕಳಿಸಿದ್ದೆ. ಸಾಕು, ನಾಳೆ ನೋಡೋಣ ಎನ್ನಬೇಕೆಂದಿದ್ದೆ. ರಾಯರು ಲ್ಯಾಪ್‌ಟಾಪನ್ನು ಬೋರಲು ಹಾಕಿ ಅದರ ಬೆನ್ನನ್ನು ಬೆರಳಿಂದ ಸವರುತ್ತಿದ್ದರು. ಟೆಸ್ಟರು ಕೈಯಲ್ಲಿತ್ತು. ಸ್ಕ್ರೂಗಳು ನಕ್ಷತ್ರದಾಕಾರದವು, ಸಾಸಿವೆಗಿಂತ ಸ್ವಲ್ಪ ದೊಡ್ಡವು. ಟೆಸ್ಟರಿನ ಚಪ್ಪಟೆ ತುದಿ ಅವುಗಳೊಳಗೆ ಇಳಿಯುವಂತಿರಲಿಲ್ಲ.

"ನಮ್ಮಪ್ಪ ರೇಡಿಯೊ ಕೇಳೋದಕ್ಕೂ ಪೋಸ್ಟಾಫೀಸಿನಲ್ಲಿ ಲೈಸೆನ್ಸಿಗೆ ದುಡ್ಡು ಕಟ್ಟೋರು" ಎಂದರು, ಇದ್ದಕ್ಕಿದ್ದ ಹಾಗೆ. "ಪುಟ್ಟ ಪುಸ್ತಕ ಇರ್ತಿತ್ತು. ಈಗ ನೋಡಿ, 2005ರಲ್ಲಿ ಸರ್ಕಾರ ಈ 2.4ಕ್ಕೆ ಲೈಸೆನ್ಸೇ ಬೇಡ ಅಂತು. ಅದಕ್ಕೇ ಹೀಗೆ ಸಂತೆಯಾಗಿರೋದು."

ಮೈಸೂರಿನಲ್ಲಿ ತಂತಿಯಿಲ್ಲದ ಮಾತು ಎತ್ತಿದವರು ಗೋಪಾಲಸ್ವಾಮಿಯವರನ್ನು ನೆನೆಯದೆ ಮಾತು ಮುಗಿಸುವುದಿಲ್ಲ, ರಾಯರೂ ಮುಗಿಸಲಿಲ್ಲ. ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದು ಅದನ್ನು 'ಆಕಾಶವಾಣಿ' ಎಂದು ಕರೆದರು. ಆ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ನಿಂತಿತು. ರಾಯರ ತಂದೆಗೆ ಆ ಮನೆ ಗೊತ್ತಿತ್ತಂತೆ. ಹಾಗೆ ಹೇಳುವವರು ಈ ಊರಿನಲ್ಲಿ ಸಾವಿರ ಜನ ಇದ್ದಾರೆ, ನಾನು ತಕರಾರು ತೆಗೆಯಲಿಲ್ಲ.

ನನಗೆ ನೆನಪಾದದ್ದು ಬೇರೆ. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಮಹಾಭಾರತ ಬರುತ್ತಿದ್ದ ಕಾಲ. ಬೀದಿಯಲ್ಲಿದ್ದದ್ದೇ ಕೆಲವು ಟೀವಿಗಳು, ಎಲ್ಲ ಆಂಟೆನಾಗಳಿಗೂ ರಾಯರೊಬ್ಬರೇ. ಪಂಚೆ ಮೇಲೆ ಕಟ್ಟಿ ತಾರಸಿಯಲ್ಲಿ ನಿಂತು ಕೊಳವೆ ತಿರುಗಿಸುತ್ತ "ಬಂತಾ?" ಎಂದು ಕೂಗುತ್ತಿದ್ದರು. ಕೆಳಗೆ ಕಿಟಕಿಯಲ್ಲಿ ನಿಂತು "ಬಂತು! ಬಂತು! ಅಯ್ಯೋ ಹೋಯ್ತು!" ಎಂದು ಕೂಗುವ ಕೆಲಸ ನನ್ನದು. ಕೃಷ್ಣನ ಮುಖದ ಮೇಲಿನ ಸೊಳ್ಳೆ ಹಿಂಡು ಚದುರಿದಾಗ ಇಡೀ ಹಾಲ್ ಚಪ್ಪಾಳೆ ತಟ್ಟುತ್ತಿತ್ತು. ಅದು ಕೃಷ್ಣನಿಗೋ ರಾಯರಿಗೋ ಎಂದು ಯಾರೂ ಕೇಳುತ್ತಿರಲಿಲ್ಲ. ಆ ಕಂತುಗಳನ್ನು ರಾಯರು ಎಷ್ಟು ನೋಡಿದ್ದರೋ. ಅವರು ಯಾವಾಗಲೂ ಯಾರದಾದರೂ ತಾರಸಿಯ ಮೇಲೆ ಇರುತ್ತಿದ್ದರು.

ಈಗ ಫ್ರಿಜ್ ಕೆಟ್ಟರೆ ಆ್ಯಪ್‌ನಲ್ಲಿ ಹುಡುಗ ಬರುತ್ತಾನೆ. ರಿಪೇರಿ ಮಾಡುವುದಿಲ್ಲ, ಬೋರ್ಡು ಬದಲಾಯಿಸುತ್ತಾನೆ. ರಾಯರು ಪಕ್ಕದಲ್ಲಿ ನಿಂತು ನೋಡುತ್ತಾರೆ.

ಆಗಲೇ ನನ್ನಾಕೆ ಲೋಟ ತೆಗೆಯಲು ಬಂದವಳು ಅಂದಳು: "ರೀ, ಇದು ಚಾರ್ಜರು ಕಿತ್ತಾಗಲೇ ಅಲ್ವಾ ಹೋಗೋದು? ಬೆಳಿಗ್ಗೆಯಿಂದ ನೋಡ್ತಿದೀನಿ."

ಚಾರ್ಜರು ಯಾರು ಕೀಳುತ್ತಾರೆ ಎಂದು ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ. ರಾಯರು ಮೇಜಿನ ಮೇಲೆ ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದ ವೈರನ್ನು ನೋಡಿದರು. ಲ್ಯಾಪ್‌ಟಾಪನ್ನು ನೇರ ಮಾಡಿ, ಡಿವೈಸ್ ಮ್ಯಾನೇಜರಿಗೆ ಹೋಗಿ, ವೈಫೈ ಅಡಾಪ್ಟರಿನ ಹೆಸರ ಮೇಲೆ ಎರಡು ಸಲ ಒತ್ತಿ, ಪವರ್ ಮ್ಯಾನೇಜ್‌ಮೆಂಟ್ ಎಂಬ ಹಾಳೆ ತೆರೆದರು. ಅಲ್ಲೊಂದು ಪುಟ್ಟ ಚೌಕ, ಅದರಲ್ಲೊಂದು ಟಿಕ್ಕು. ಕರೆಂಟು ಉಳಿಸಲು ಕಂಪ್ಯೂಟರು ಈ ಸಾಧನವನ್ನು ಆರಿಸಬಹುದು ಎಂಬ ಒಪ್ಪಿಗೆ ಅದು. ಚಾರ್ಜರು ಇದ್ದಾಗ ಧಾರಾಳಿಯಾಗಿರುವ ಯಂತ್ರ ಬ್ಯಾಟರಿಗೆ ಇಳಿದ ಕೂಡಲೇ ಜಿಪುಣನಾಗಿ, ಯಾರೂ ಬಳಸುತ್ತಿಲ್ಲ ಎನಿಸಿದಾಗೆಲ್ಲ ವೈಫೈ ಚಿಪ್ಪನ್ನು ಆರಿಸುತ್ತಿತ್ತು. ಆರಿಸಿದ್ದನ್ನು ಎಬ್ಬಿಸಲು ಮರೆಯುತ್ತಿತ್ತು.

ರಾಯರು ಆ ಸಾಲನ್ನು ಎರಡು ಸಲ ಓದಿದರು. ಮೌಸಿನ ಮೇಲೆ ಬೆರಳು ನಿಂತೇ ಇತ್ತು.

"ಉಳಿತಾಯ ಮಾಡೋದು ತಪ್ಪು ಅಂತೀರಾ?" ಎಂದು ಕೇಳಿದರು. ನನ್ನನ್ನು ಕೇಳಿದರೋ, ಯಂತ್ರವನ್ನೋ.

ನಾನು ಫ್ಯಾನಿನ ಕಡೆ ನೋಡಿದೆ. ನಿಂತಿತ್ತು.

ಟಿಕ್ಕು ತೆಗೆದರು. ಅರ್ಧ ಗಂಟೆ ಕಾದೆವು. ಚಾರ್ಜರು ಇಲ್ಲದೆ, ನಾನು ಸೂರು ನೋಡುತ್ತ ಕೂತರೂ ವೈಫೈ ಕದಲಲಿಲ್ಲ. ನನ್ನಾಕೆ ಉಳಿದಿದ್ದ ಹುಳಿಯನ್ನು ಬೇಕೆಂದೇ ಮೈಕ್ರೋವೇವಿನಲ್ಲಿಟ್ಟಳು, ಆಗಲೂ ಕದಲಲಿಲ್ಲ. ರಾಯರು ಟೆಸ್ಟರನ್ನು ಜೇಬಿಗೆ ಸಿಕ್ಕಿಸಿ, "ಮತ್ತೆ ಹೋದರೆ ಕೂಗಿ, ಎಚ್ಚರ ಇರ್ತೀನಿ" ಎಂದು ಹೊರಟರು. ಅವರನ್ನು ಗೇಟಿನವರೆಗೆ ಬಿಟ್ಟು ಬಂದು, ಈ ಗಡಿಬಿಡಿಯಲ್ಲಿ ಸಂಪಾದಕರು ಏನಾದರೂ ಉತ್ತರ ಕಳಿಸಿದ್ದಾರೋ ನೋಡೋಣವೆಂದು ಲ್ಯಾಪ್‌ಟಾಪು ತೆರೆದೆ.

ವೈಫೈ ಇರಲಿಲ್ಲ.

ಟಿಕ್ಕು ನೋಡಿದೆ, ಹಾಗೇ ಇತ್ತು, ಅಂದರೆ ಇರಲಿಲ್ಲ. ಡ್ರೈವರು ಇದ್ದ. ಚಾನಲ್ಲು 11. ಸ್ಟೂಲು ಎಳೆದು ಬೀರುವಿನ ಮೇಲೆ ನೋಡಿದರೆ ರೌಟರಿನಲ್ಲಿ ಒಂದು ದೀಪವೂ ಇಲ್ಲ. ವೈರು ಹಿಡಿದು ಕೆಳಗೆ ಬಂದೆ. ಬಾಗಿಲ ಪಕ್ಕದ ಸ್ವಿಚ್‌ಬೋರ್ಡಿನಲ್ಲಿ ಹಾಲಿನ ದೀಪ, ಫ್ಯಾನು, ರೌಟರಿನ ಪ್ಲಗ್ಗು, ಮೂರರ ಸ್ವಿಚ್ಚುಗಳೂ ಸಾಲಾಗಿ, ಶಿಸ್ತಾಗಿ ಮೇಲಕ್ಕಿದ್ದವು. ಹೋಗುತ್ತ ಆರಿಸಿ ಹೋಗಿದ್ದರು.