ಹಸ್ತಫೇನಮೀಮಾಂಸೆ

ಯಾವ ಶಾಸ್ತ್ರಗ್ರಂಥವೇ ಆಗಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲು ನಿರೂಪಿಸದೆ ಮುಂದಡಿಯಿಡತಕ್ಕದ್ದಲ್ಲವೆಂದು ಪ್ರಾಚೀನರು ವಿಧಿಸಿರುವುದರಿಂದಲೂ, ಆ ವಿಧಿಯನ್ನು ಮೀರಿದ ಗ್ರಂಥಗಳನ್ನು ಪಂಡಿತರು ಓದುವುದಿಲ್ಲವಾದುದರಿಂದಲೂ, ಪಾಲಿಸಿದ ಗ್ರಂಥಗಳನ್ನೂ ಅವರು ಓದುವುದಿಲ್ಲವೆಂಬುದು ನಮಗೆ ಅನುಭವಸಿದ್ಧವೇ ಆಗಿದ್ದರೂ, ನಾವು ಆ ಕ್ರಮವನ್ನೇ ಅನುಸರಿಸತಕ್ಕವರಾಗಿದ್ದೇವೆ. ವಿಷಯವು ಸೋಪು, ಅದರಲ್ಲಿಯೂ, ದಿನಕ್ಕೆ ಹಲವು ಬಾರಿ ಕೈತೊಳೆಯಬೇಕಾದ ಗೃಹಸ್ಥನು ಚರ್ಮ ಬಿರಿಯದಂತೆ ಬಳಸಬಹುದಾದ, ಮೃದುವೂ ನೈಸರ್ಗಿಕವೂ ಎಂದು ಹೇಳಿಕೊಳ್ಳುವ ಸೋಪು. ಪ್ರಯೋಜನವು ಹಸ್ತರಕ್ಷಣೆ. ಸಂಬಂಧವು ಸೊಸೆಯದು. ಅಧಿಕಾರಿ ಯಾರೆಂಬುದು ಜಟಿಲವಾದ ಪ್ರಶ್ನೆಯಾದ್ದರಿಂದ ಅದನ್ನು ಪ್ರಬಂಧದ ಕಡೆಯಲ್ಲಿ ವಿಚಾರಿಸುವೆವು.

ಸಂಬಂಧವನ್ನು ಕಿಂಚಿತ್ತು ವಿಸ್ತರಿಸಬೇಕಾಗಿದೆ. ನಮ್ಮ ಮನೆಯಲ್ಲಿ ಮೊಮ್ಮಗ ಹುಟ್ಟಿದ ದಿನದಿಂದ, ದಿನಪತ್ರಿಕೆ, ಹಾಲಿನ ಪ್ಯಾಕೆಟ್ಟು, ಬೀಗದ ಕೈ, ಚಿಲ್ಲರೆ ಕಾಸು, ವೀಳ್ಯದೆಲೆ, ಇವುಗಳಲ್ಲಿ ಯಾವುದೊಂದನ್ನು ಮುಟ್ಟಿದವನೂ ಸೋಪು ಹಚ್ಚಿ ಇಪ್ಪತ್ತು ಸೆಕೆಂಡು ಕೈಯುಜ್ಜಿದ ಹೊರತು ತೊಟ್ಟಿಲ ಸಮೀಪಕ್ಕೆ ಬರತಕ್ಕದ್ದಲ್ಲವೆಂದು ಶಾಸನವಾಯಿತು. ಎಣಿಸಿ ನೋಡಲಾಗಿ ನಮ್ಮ ಪಾಲಿಗೆ ದಿನಕ್ಕೆ ಹದಿನೇಳು ಪ್ರಕ್ಷಾಲನಗಳು ಬಂದವು. ಈ ಸಂಖ್ಯೆ ನಮ್ಮನ್ನು ಬೆರಗುಗೊಳಿಸಿತು; ಏಕೆಂದರೆ ಮನುಸ್ಮೃತಿಯ ಐದನೆಯ ಅಧ್ಯಾಯವು, ಶೌಚಕ್ಕೆ ಹೋಗಿ ಬಂದ ಗೃಹಸ್ಥನು ಎಡಗೈಗೆ ಹತ್ತು ಬಾರಿ, ಎರಡೂ ಕೈಗಳಿಗೆ ಏಳು ಬಾರಿ ಮೃತ್ತಿಕೆಯನ್ನು ಹಚ್ಚಿಕೊಳ್ಳಬೇಕೆಂದು ವಿಧಿಸುತ್ತದೆ. ಹತ್ತೂ ಏಳೂ ಹದಿನೇಳು! ಸೊಸೆ ಮನುಸ್ಮೃತಿಯನ್ನು ಕಣ್ಣಿನಿಂದಲೂ ಕಂಡವಳಲ್ಲ. ಅಲ್ಲಿ ಬ್ರಹ್ಮಚಾರಿಗೆ ಇಮ್ಮಡಿ, ವಾನಪ್ರಸ್ಥನಿಗೆ ಮುಮ್ಮಡಿ, ಯತಿಗೆ ನಾಲ್ಮಡಿ ಎಂದು ಲೆಕ್ಕವಿರುವುದರಿಂದ, ಮೇಷ್ಟರ ಕೆಲಸದಿಂದ ನಿವೃತ್ತರಾಗಿ ವಾನಪ್ರಸ್ಥಪ್ರಾಯರಾಗಿರುವ ನಮಗೆ ಐವತ್ತೊಂದು ಬಾರಿ ವಿಧಿಸದೆ ಬಿಟ್ಟದ್ದು ಅವಳ ಔದಾರ್ಯವೆಂದೇ ಭಾವಿಸಿದ್ದೇವೆ.

ಅವಳ ಪಕ್ಷದಲ್ಲಿ ಪ್ರಮಾಣವಿಲ್ಲವೆಂದು ಯಾರೂ ತಿಳಿಯಬಾರದು. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಶವಚ್ಛೇದನ ಮಾಡಿ ನೇರವಾಗಿ ಬಾಣಂತಿಯರ ಬಳಿಗೆ ಹೋಗುತ್ತಿದ್ದ ತನ್ನ ಸಹೋದ್ಯೋಗಿಗಳಿಂದ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈತೊಳೆಯಿಸಿದನು. ಸಾವುಗಳು ತಟಕ್ಕನೆ ಇಳಿದವು. ದೊಡ್ಡ ದೊಡ್ಡ ವೈದ್ಯರು ಅವನ ಮಾತನ್ನು ಒಪ್ಪದೆ ಹೋದರು. 1865ರಲ್ಲಿ ಅವನು ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡನು. ಆದುದರಿಂದ ಕೈತೊಳೆಯುವುದರ ವಿಷಯದಲ್ಲಿ ನಾವು ಸೊಸೆಗೆ ಎದುರು ಹೇಳಿದವರಲ್ಲ. ಆದರೆ ಎರಡು ವಾರ ಕಳೆಯುವಷ್ಟರಲ್ಲಿ ನಮ್ಮ ಬೆರಳ ಗಿಣ್ಣುಗಳು ಬೇಸಿಗೆಯ ಕೆರೆಯಂಗಳದಂತೆ ಸೀಳಿಟ್ಟವು. ಕೋಸಂಬರಿಗೆ ನಿಂಬೆಹಣ್ಣು ಹಿಂಡುವ ಅಲ್ಪಕಾರ್ಯದಲ್ಲಿ ಕಣ್ಣಲ್ಲಿ ನೀರು ಬಂದಿತು. ಹೀಗೆ ಶಾಸ್ತ್ರಜಿಜ್ಞಾಸೆ ಹುಟ್ಟಿತು.

ಶಬ್ದನಿಷ್ಪತ್ತಿಯನ್ನು ಹೇಳದೆ ವಿಷಯಪ್ರವೇಶ ಮಾಡಿದರೆ ವಿದ್ವತ್ಸಮಾಜವು ಕ್ಷಮಿಸಲಾರದು. ಒಂದು ವಿಚಾರಸಂಕಿರಣದಲ್ಲಿ, ಊಟದ ಹೊತ್ತು ಮೀರಿದ ಮೇಲೆ ವೇದಿಕೆಯನ್ನೇರಿದ ಮಹನೀಯರೊಬ್ಬರು, ‘ಸೋಪು’ ಎಂಬುದು ವಿದೇಶೀಯ ಶಬ್ದವೆಂಬುದು ದಾಸ್ಯಮನೋಭಾವವೆಂದೂ, ‘ಸು’ ಎಂಬ ಉಪಸರ್ಗಕ್ಕೆ ಜಲವಾಚಕವಾದ ‘ಅಪ್’ ಶಬ್ದವು ಸೇರಿ ‘ಸ್ವಾಪ’ವಾಗಿ, ಅದೇ ಜನರ ಬಾಯಲ್ಲಿ ಸೋಪಾಯಿತೆಂದೂ ನಲವತ್ತು ನಿಮಿಷ ಪ್ರತಿಪಾದಿಸಿದ್ದನ್ನು ನಾವು ಕಿವಿಯಾರೆ ಕೇಳಿದ್ದೇವೆ. ಸಂಸ್ಕೃತದಲ್ಲಿ ‘ಸ್ವಾಪ’ವೆಂದರೆ ನಿದ್ರೆ. ಸಭಾಂಗಣದ ಅಂದಿನ ಸ್ಥಿತಿ ಆ ಅರ್ಥವನ್ನೇ ಸಮರ್ಥಿಸುತ್ತಿದ್ದುದರಿಂದ ಯಾರೂ ಆಕ್ಷೇಪಿಸಲಿಲ್ಲ. ಅರಬ್ಬರ ‘ಸಾಬೂನ್’ ನಮ್ಮ ಸಾಬೂನಾಗಿ ಬಂದು ಎಷ್ಟೋ ತಲೆಮಾರುಗಳಿಂದ ಬಚ್ಚಲಮನೆಯಲ್ಲಿ ಕುಳಿತಿರುವುದನ್ನು ಆ ಮಹನೀಯರು ಗಮನಿಸಲಿಲ್ಲ. ಊಟವಾದ ಮೇಲೆ ಅಗಿಯುವ ಸೋಪಿನ ಕಾಳಿಗೂ ಇದೇ ನಿಷ್ಪತ್ತಿಯೇ ಎಂದು ಕೇಳುವ ಧೈರ್ಯ ನಮಗಾಗಲಿಲ್ಲ, ಏಕೆಂದರೆ ಊಟವಿನ್ನೂ ಆಗಿರಲಿಲ್ಲ.

ಇನ್ನು ವರ್ಗೀಕರಣ. ಹಸ್ತಫೇನಕವು ಘನ, ದ್ರವ, ಚೂರ್ಣ, ಬುದ್ಬುದ, ಪತ್ರ, ಮಿಥ್ಯಾ ಎಂದು ಷಡ್ವಿಧವಾದದ್ದು. ಪ್ರತಿಯೊಂದೂ ಸುಗಂಧ, ನಿರ್ಗಂಧ, ದುರ್ಗಂಧಭೇದದಿಂದ ತ್ರಿವಿಧವಾಗಿ ಹದಿನೆಂಟಾಗುತ್ತದೆ. ಅವು ಸ್ವಾರ್ಜಿತ, ಪರಾರ್ಜಿತ, ಹೋಟೆಲ್ಲಿನಿಂದ ಆಹೃತ ಎಂಬ ಪ್ರಾಪ್ತಿಭೇದದಿಂದ ಐವತ್ತನಾಲ್ಕಾಗುತ್ತವೆ.

ಇವುಗಳಲ್ಲಿ ಘನಫೇನಕವು ಸರ್ವಮಾನ್ಯವಾದದ್ದು. ಕೊಬ್ಬನ್ನೋ ಎಣ್ಣೆಯನ್ನೋ ತೀಕ್ಷ್ಣಕ್ಷಾರದೊಡನೆ, ಎಂದರೆ ಕಾಸ್ಟಿಕ್ ಸೋಡಾದೊಡನೆ, ಕೂಡಿಸಿದಾಗ ಎಣ್ಣೆಯು ತನ್ನ ಎಣ್ಣೆತನವನ್ನೂ ಕ್ಷಾರವು ತನ್ನ ಕಾರವನ್ನೂ ಕಳೆದುಕೊಂಡು ಸೋಪೂ ಗ್ಲಿಸರಿನ್ನೂ ಆಗುತ್ತವೆ. ಈ ಗ್ಲಿಸರಿನ್ನು ಚರ್ಮದಲ್ಲಿ ತೇವವನ್ನು ಹಿಡಿದಿಡತಕ್ಕದ್ದು. ದೊಡ್ಡ ಕಾರ್ಖಾನೆಗಳಲ್ಲಿ ಅದನ್ನು ಸಾಮಾನ್ಯವಾಗಿ ಬೇರ್ಪಡಿಸಿ ಬೇರೆಯಾಗಿ ಮಾರುತ್ತಾರೆ. ಸೋಪಿನಿಂದ ಕೈ ಒಣಗಿದವನು ಮರಳಿ ಅಂಗಡಿಗೆ ಹೋಗಿ ಅದೇ ಗ್ಲಿಸರಿನ್ನನ್ನು ಚರ್ಮಲೇಪದ ಹೆಸರಿನಲ್ಲಿ ಎರಡನೆಯ ಬಾರಿ ಕೊಳ್ಳುತ್ತಾನೆ. ಹಾಲಿನ ಕೆನೆ ತೆಗೆದು ಹಾಲನ್ನೊಮ್ಮೆ ಕೆನೆಯನ್ನೊಮ್ಮೆ ಮಾರುವ ನಮ್ಮ ಬೀದಿಯ ಹಾಲಿನವನನ್ನು ನಾವು ಇಷ್ಟು ವರ್ಷ ಸುಮ್ಮನೆ ನಿಂದಿಸಿದೆವು.

ಘನಫೇನಕದ ಹೊದಿಕೆಯ ಮೇಲೆ ಟಿಎಫ್ಎಂ ಎಂಬ ಮೂರಕ್ಷರದ ಬೀಜಮಂತ್ರವಿರುತ್ತದೆ. ಸೋಪಿನಲ್ಲಿ ಒಟ್ಟು ಕೊಬ್ಬಿನಂಶವೆಷ್ಟು ಎಂಬುದೇ ಅದರ ತಾತ್ಪರ್ಯ. ನೂರಕ್ಕೆ 76ಕ್ಕೆ ಕಡಿಮೆಯಿಲ್ಲದಿದ್ದರೆ ಮೊದಲ ದರ್ಜೆ, 70 ಎರಡನೆಯದು, 60 ಮೂರನೆಯದು ಎಂದು ನಮ್ಮ ದೇಶದ ಮಾನಕವು ಹೇಳುತ್ತದೆ. ಅದಕ್ಕೂ ಕೆಳಗಿನದು ಸೋಪೆಂಬ ಹೆಸರಿಗೆ ಬಾಧ್ಯವಾಗದೆ ‘ಬಾತಿಂಗ್ ಬಾರ್’ ಎಂದು ಕರೆಸಿಕೊಳ್ಳುತ್ತದೆ. ಆದರೆ ಕೊಬ್ಬು ಹೆಚ್ಚಿದ್ದ ಮಾತ್ರಕ್ಕೆ ಮೃದುವಾಯಿತೆನ್ನುವುದು, ದಪ್ಪಗಿರುವವರೆಲ್ಲರೂ ದಯಾಳುಗಳೆಂದಂತೆ. ಚರ್ಮದ ಪಿಎಚ್ಚು ಸುಮಾರು ಐದೂವರೆ. ಎಂತಹ ಶ್ರೇಷ್ಠಕುಲದ ಸೋಪಾದರೂ ಒಂಬತ್ತು ಒಂಬತ್ತೂವರೆಗಿಂತ ಕೆಳಗಿಳಿಯದೆ ನಿಲ್ಲುತ್ತದೆ. ಆ ಮಾಪನದಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟಾದುದರಿಂದ, ನಾಲ್ಕು ಮೆಟ್ಟಿಲೆಂದರೆ ಹತ್ತು ಸಾವಿರ ಪಟ್ಟು! ದಿನಕ್ಕೆ ಒಂದೆರಡು ಸಲವಾದರೆ ಚರ್ಮವು ತಾನೇ ಸಾವರಿಸಿಕೊಳ್ಳುತ್ತದೆ. ಹದಿನೇಳು ಸಲವಾದರೆ ಸಾವರಿಸಿಕೊಳ್ಳಲು ಅದಕ್ಕೆ ಪುರುಸೊತ್ತೆಲ್ಲಿ?

ಇಲ್ಲಿ ಸ್ವದೇಶಾಭಿಮಾನಿಗಳು ಶ್ರೀಗಂಧದ ಮಾತೆತ್ತುವರು. ಮೊದಲನೆಯ ಮಹಾಯುದ್ಧದಿಂದ ಯೂರೋಪಿಗೆ ಗಂಧದ ಕೊರಡು ಹೋಗುವುದು ನಿಂತಾಗ, ನಾಲ್ವಡಿಯವರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯೂ ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಸರ್ಕಾರಿ ಸೋಪಿನ ಕಾರ್ಖಾನೆಯೂ ಹುಟ್ಟಿದ ಕಥೆ ನಮಗೂ ರೋಮಾಂಚವನ್ನುಂಟುಮಾಡುತ್ತದೆ. ಆನೆಯ ತಲೆ ಸಿಂಹದ ಮೈಯ ಶರಭಲಾಂಛನವುಳ್ಳ ಆ ಬಿಲ್ಲೆಯನ್ನು ನಮ್ಮ ತಾಯಿ ಸೀರೆಗಳ ನಡುವೆ ಪೆಟ್ಟಿಗೆಯಲ್ಲಿಟ್ಟು, ಹಬ್ಬಕ್ಕೊಮ್ಮೆ ಹೊರಗೆ ತೆಗೆಯುತ್ತಿದ್ದರು. ಹಬ್ಬಕ್ಕೊಮ್ಮೆ! ಅದರ ಸೌಮ್ಯತೆಯ ರಹಸ್ಯ ಬಹುಶಃ ಅಲ್ಲಿದ್ದಿತು.

ದ್ರವಫೇನಕವೆಂದರೆ ಸೀಸೆಯ ಕತ್ತು ಅದುಮಿದರೆ ಬೀಳುವಂಥದ್ದು. ಅದರಲ್ಲಿ ಬಹುಭಾಗ ನೀರು, ಅನಂತರ ಸೋಪಲ್ಲದ ತೊಳೆಯುವ ದ್ರವ್ಯ, ಅನಂತರ ಸುಗಂಧ, ಕಟ್ಟಕಡೆಗೆ, ಚೀಟಿಯ ಮೇಲೆ ಅಂಗೈಯಗಲದ ಚಿತ್ರವಾಗಿ ಬಿರಿದು ನಿಂತಿರುವ ಬಾದಾಮಿ. ಚೂರ್ಣಫೇನಕವು ನಮ್ಮ ಪೂರ್ವಿಕರ ಸೀಗೆಪುಡಿ, ಕಡಲೆಹಿಟ್ಟು, ಅಂಟುವಾಳ. ರೇಷ್ಮೆ ಸೀರೆಗೂ ಚಿನ್ನದ ಸರಕ್ಕೂ ಅಂಟುವಾಳವೇ ಸರಿಯೆಂಬುದು ಅಜ್ಜಿಯರ ಮತ; ಕ್ಷಾರವಿಲ್ಲದೆಯೂ ನೊರೆಗೊಡುವ ಮಹಾನುಭಾವನೆಂದು ನಾವೂ ಅದನ್ನು ನೆನೆಯಿಟ್ಟು, ಕಿವುಚಿ, ಸೋಸಿ, ಸೀಸೆಗೆ ತುಂಬಿದೆವು. ಮೂರನೆಯ ದಿನ ಸೀಸೆ ನಾರಿತು. ಮೇಲೆ ಹೇಳಿದ ದುರ್ಗಂಧಭೇದಕ್ಕೆ ಉದಾಹರಣೆ ದೊರೆತುದೊಂದೇ ಲಾಭ.

ಬುದ್ಬುದ, ಪತ್ರ, ಮಿಥ್ಯಾ ಎಂಬ ಉಳಿದ ಮೂರನ್ನೂ, ಐವತ್ತನಾಲ್ಕರಲ್ಲಿ ಉಳಿದುದೆಷ್ಟೋ ಅಷ್ಟನ್ನೂ, ವಾಚಕರು ತಾವೇ ಊಹಿಸಿಕೊಳ್ಳಬೇಕು. ನಮಗೆ ಬೇಸರ ಬಂದಿದೆ.

‘ನೈಸರ್ಗಿಕ’ವೆಂಬ ವಿಶೇಷಣದ ವಿಚಾರ ಮಾತ್ರ ಬಿಡುವಂತಿಲ್ಲ. ಸೋಪಿನ ಮರವೆಂಬುದೊಂದು ಲೋಕದಲ್ಲಿಲ್ಲ. ಸೋಪಿನ ಬಳ್ಳಿ ಇಲ್ಲ. ಸೋಪನ್ನು ಕರೆಯುವ ಹಸುವಿಲ್ಲ. ಈ ಸಂಗತಿಯನ್ನು ಖಚಿತಪಡಿಸಿಕೊಳ್ಳಲು ನಾವು ಭೂತಗನ್ನಡಿಯೊಂದನ್ನು ಜೇಬಿನಲ್ಲಿಟ್ಟುಕೊಂಡು, ಹೊರಗೆ ಬಿದಿರಿನ ಬುಟ್ಟಿಯನ್ನೂ ಒಳಗೆ ಎ.ಸಿ.ಯನ್ನೂ ಇಟ್ಟುಕೊಂಡಿದ್ದ ಒಂದು ಅಂಗಡಿಗೆ ಹೋದೆವು. ಅಲ್ಲಿದ್ದ ಹುಡುಗಿ ಬಾಳೆಯ ನಾರಿನಿಂದ ಕಟ್ಟಿದ ಬಿಲ್ಲೆಯೊಂದನ್ನು ಮುಂದಿಟ್ಟು, “ಇದು ಪೂರ್ತಿ ಕೆಮಿಕಲ್ ಫ್ರೀ ಸಾರ್” ಎಂದಳು.

“ಕಾಸ್ಟಿಕ್ ಹಾಕದೆ ಸೋಪು ಹೇಗಮ್ಮ ಆಯಿತು?”

“ಅದು ನ್ಯಾಚುರಲ್ಲಾಗೇ ಆಗುತ್ತೆ ಸಾರ್.”

ಮುನ್ನೂರೈವತ್ತು ರೂಪಾಯಿ. ಆ ಹುಡುಗಿಯ ಮೇಲೆ ನಮಗೆ ಕೋಪವಿಲ್ಲ. ಅವಳಿಗೆ ಕಲಿಸಿದ್ದನ್ನು ಅವಳು ಹೇಳಿದಳು. ಹಾಗೆ ಕಲಿಸಿದವರ ಮೇಲೆ ಕೋಪವಿದೆ. ಕ್ಷಾರವಿಲ್ಲದೆ ಸೋಪಿಲ್ಲ, ಪಾಕ ಸರಿಯಾಗಿದ್ದರೆ ಬಿಲ್ಲೆಯಲ್ಲಿ ಆ ಕ್ಷಾರ ಉಳಿಯುವುದೂ ಇಲ್ಲ ಎಂಬ ಎರಡು ಸರಳವಾಕ್ಯಗಳನ್ನು ಹೇಳಿದ್ದರೆ ವ್ಯಾಪಾರವೇನೂ ಕೆಡುತ್ತಿರಲಿಲ್ಲ. ಬದಲಾಗಿ ನಿಸರ್ಗವೆಂಬ ದೊಡ್ಡ ಮಾತನ್ನು ತಂದು ಬಾಳೆನಾರಿನಲ್ಲಿ ಬಿಗಿದಿದ್ದಾರೆ. ಚೇಳಿನ ವಿಷವೂ ನೈಸರ್ಗಿಕವೇ. ಸೀಳಿದ ಚರ್ಮಕ್ಕೆ ನಿಂಬೆಯ ತೈಲ ಲವಂಗದ ತೈಲವೆಂದು ಹಾಕುವ ಪರಿಮಳಗಳೂ ನೈಸರ್ಗಿಕವೇ; ಅವು ಕೃತ್ರಿಮ ಸುಗಂಧದಷ್ಟೇ ನಿಷ್ಠೆಯಿಂದ ಉರಿ ತರಬಲ್ಲವು.

ಇಷ್ಟರಲ್ಲಿ ಸಿದ್ಧಾಂತಪಕ್ಷವು ಉದಯವಾಗಿಬಿಟ್ಟಿತು. ಅದು ಸಣ್ಣದು, ಸಪ್ಪೆಯದು. ಪದೇ ಪದೇ ತೊಳೆಯುವ ಕೈಗೆ ಪರಿಮಳವಿಲ್ಲದ್ದು, ಬಣ್ಣವಿಲ್ಲದ್ದು ಬೇಕು. ಚರ್ಮದ ಪಿಎಚ್ಚಿಗೆ ಹತ್ತಿರವಿರುವ ಸೋಪಲ್ಲದ ಸೋಪಾದರೆ ಇನ್ನೂ ಲೇಸು, ಅದು ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬಿಳಿಯ ಗಸಿಯನ್ನೂ ಕಟ್ಟುವುದಿಲ್ಲ. ನೀರು ಉಗುರುಬೆಚ್ಚಗಿದ್ದರೆ ಸಾಕು, ಬಿಸಿ ಕೂಡದು. ಬೆರಳ ಸಂದಿಗಳನ್ನು ಒತ್ತಿ ಒರಸಿಕೊಂಡು, ಪಸೆ ಪೂರ್ತಿ ಆರುವ ಮುನ್ನ ವ್ಯಾಸಲೀನನ್ನೋ ಕೊಬ್ಬರಿ ಎಣ್ಣೆಯನ್ನೋ ಸವರಬೇಕು. ಹೀಗೆ ಮಾಡಿ ನಮ್ಮ ಕೈ ಹತ್ತು ದಿನಗಳಲ್ಲಿ ಕೂಡಿಕೊಂಡಿತು. ನಿಸರ್ಗದಿಂದ ಬಲುದೂರವಿರುವ ಒಂದು ಮೊಂಡು ಸೀಸೆಯು ಒಳಗಿನ ತೊಟ್ಟಿಯ ಮೇಲೆ ಪ್ರತಿಷ್ಠಿತವಾಯಿತು.

ಉಳಿದದ್ದು ಅಧಿಕಾರಿನಿರೂಪಣ.

ಇಲ್ಲಿಂದ ಮುಂದೆ ‘ನಾವು’ ಎಂದು ಬರೆಯಲು ನನಗೆ ಮನಸ್ಸು ಬರುತ್ತಿಲ್ಲ. ನಮ್ಮ ಮನೆಯ ಪಾತ್ರೆ ತೊಳೆಯುವಾಕೆ ಮೊನ್ನೆ ಹಿತ್ತಿಲ ಬಾಗಿಲಲ್ಲಿ ನಿಂತು, “ಮೇಷ್ಟ್ರೇ, ಒಂದು ಅರ್ಜಿ ಬರ್ಕೊಡ್ತೀರಾ?” ಎಂದಳು. ಏನಮ್ಮ ಎಂದರೆ, ನ್ಯಾಯಬೆಲೆ ಅಂಗಡಿಯ ಮಿಶನ್ನು ಅವಳ ಹೆಬ್ಬೆಟ್ಟು ಹಿಡಿಯುತ್ತಿಲ್ಲ. “ಮೂರು ಸಲ ಹೋದೆ. ಗೆರೆ ಸವ್ದೋಗದೆ, ಬೇರೆಯೋರ್ನ ಕಳ್ಸು ಅಂತಾರೆ. ಬೇರೆಯೋರು ಯಾರವ್ರೆ ನಂಗೆ?”

ಭೂತಗನ್ನಡಿ ಇನ್ನೂ ಜೇಬಿನಲ್ಲೇ ಇತ್ತು. ಸೋಪಿನ ಚೀಟಿಗಳನ್ನು ಓದಿದ ಆ ಗಾಜಿನಲ್ಲಿ ಅವಳ ಹೆಬ್ಬೆರಳನ್ನು ನೋಡಿದೆ. ನಾಲ್ಕು ದಿನ ಬಳಸಿದ ಬಿಲ್ಲೆಯ ಮೇಲಿನ ಕಂಪನಿಯ ಹೆಸರು ಅಳಿಸಿಹೋಗುವಂತೆ ಗೆರೆಗಳು ಅಳಿಸಿಹೋಗಿದ್ದವು. ಉಗುರಿನ ಬುಡದಿಂದ ಒಂದು ಸೀಳು. ಅದಕ್ಕೆ ಮೆತ್ತಿದ ಅರಿಸಿನ. ಸಂದಿಗಳು ನೆನೆದು ನೆನೆದು ಬೆಳ್ಳಗೆ ಹಣ್ಣಾಗಿದ್ದವು. ದಿನಕ್ಕೆ ಐದು ಮನೆ, ನಮ್ಮ ಮನೆಯಲ್ಲಿ ಎರಡು ಹೊತ್ತು. ಎಡಗೈಗೆ ಹತ್ತು, ಎರಡಕ್ಕೂ ಏಳು ಎಂದು ಎಣಿಸಿದ ಶಾಸ್ತ್ರಕಾರನಾಗಲಿ, ಹೊದಿಕೆಯ ಮೇಲೆ ಬಾದಾಮಿ ಬರೆಯುವ ಚಿತ್ರಕಾರನಾಗಲಿ, ಹದಿನೇಳಕ್ಕೇ ಪ್ರಬಂಧ ಬರೆಯಲು ಕುಳಿತ ನಾನಾಗಲಿ, ಈ ಕೈ ಎಷ್ಟು ಸಲ ನೀರಿಗಿಳಿಯುತ್ತದೆಂದು ಎಣಿಸಿದವರಲ್ಲ. ನಮ್ಮ ಮನೆಯೊಳಗಿನ ಸೀಸೆಯನ್ನು ಮುಟ್ಟಬೇಡವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಳಸಿಕೋ ಎಂದೂ ಯಾರೂ ಹೇಳಿರಲಿಲ್ಲ. ಅವಳಿಗೆ ಹಿತ್ತಿಲ ನಲ್ಲಿ, ತಗಡಿನ ಡಬ್ಬಿಯಲ್ಲಿ ಹಸಿರು ಪಾತ್ರೆಸೋಪು.

ಅರ್ಜಿ ಬರೆದುಕೊಟ್ಟೆ. ಸೊಸೆ ಏನೂ ಮಾತಾಡದೆ ಒಳಗೆ ಹೋಗಿ ಮತ್ತೊಂದು ಸೀಸೆಯನ್ನೂ, ಒಂದು ಜೊತೆ ರಬ್ಬರಿನ ಗ್ಲೌಸನ್ನೂ ತಂದು ಒಗೆಯುವ ಕಲ್ಲಿನ ಮೇಲಿಟ್ಟಳು.

ಮರುದಿನ ಬೆಳಿಗ್ಗೆ ಗ್ಲೌಸು ತಂತಿಯ ಮೇಲೆ ನೇತಾಡುತ್ತಿತ್ತು. ಲೋಟ ಕೈಯಿಂದ ಜಾರುತ್ತದಂತೆ. ಸೀಸೆಯೊಳಗಿನದು ಮೇಲಿನಿಂದ ಎರಡು ಬೆರಳಿನಷ್ಟು ಇಳಿದಿತ್ತು. ಹುಳಿಯ ತಪ್ಪಲೆಗೆ ಹಾಕಿ ನೋಡಿದ್ದಳು.

“ಇದ್ರಲ್ಲಿ ಜಿಡ್ಡು ಬಿಡಲ್ಲ ಮೇಷ್ಟ್ರೇ,” ಎಂದಳು. “ಆ ಹಸಿರು ಸೋಪು ಮುಗ್ದದೆ, ತರಿಸ್ಬಿಡಿ.”