ವಿಮಾನದ ಮಾವ

ಆಕಾಶದಲ್ಲಿ ಸದ್ದಾದರೆ ತಲೆಯೆತ್ತಿ ನೋಡುವವರು ಬೆಂಗಳೂರಿನ ಉತ್ತರದ ಬಡಾವಣೆಗಳಲ್ಲಿ ಈಗ ಮೂರೇ ಬಗೆ: ಚಿಕ್ಕ ಮಕ್ಕಳು, ತಾರಸಿಯ ಮೇಲೆ ಹಪ್ಪಳ ಒಣಹಾಕಿದವರು, ಮತ್ತು ನಮ್ಮ ವಿಮಾನದ ಮಾವನಂಥವರು. ಮಕ್ಕಳು ಟಾಟಾ ಮಾಡಿ ಸುಮ್ಮನಾಗುತ್ತಾರೆ. ಹಪ್ಪಳದವರು ಅದು ಗುಡುಗಲ್ಲವೆಂದು ಖಾತ್ರಿಯಾದ ಮೇಲೆ ಸುಮ್ಮನಾಗುತ್ತಾರೆ. ಮಾವ ಸುಮ್ಮನಾಗುವ ಪೈಕಿಯಲ್ಲ. "ಬೋಯಿಂಗ್ 787 ಕಣೋ. ಎಂಜಿನ್ನಿನ ಹಿಂದೆ ಗರಗಸದ ಹಲ್ಲಿನ ಹಾಗೆ ಕಚ್ಚು ಇದೆ ನೋಡು," ಎನ್ನುತ್ತಾರೆ. ನಾವು ಕನ್ನಡಕ ಹುಡುಕುವಷ್ಟರಲ್ಲಿ ಅದು ಮೋಡದೊಳಗೆ ಹೋಗಿರುತ್ತದೆ.

ಈ ಜಾತಿಯವರನ್ನು ಗುರುತಿಸುವುದು ಸುಲಭ. ಮಗಳನ್ನು ಅಮೆರಿಕಕ್ಕೆ ಕಳಿಸಲು ಇಡೀ ಮನೆಯೇ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗಿದ್ದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮಾವ ಗಂಟಲು ಸರಿಮಾಡಿಕೊಂಡರು. ಏನೋ ಹಿತವಚನ ಹೇಳುತ್ತಾರೆಂದು ಎಲ್ಲರೂ ಕಿವಿಗೊಟ್ಟೆವು. "ಯಾವ ಏರ್‌ಕ್ರಾಫ್ಟ್ ಹಾಕಿದ್ದಾರಮ್ಮಾ?" ಎಂದರು. 777 ಎಂದು ಗೊತ್ತಾದಾಗ ಅವರ ಕಣ್ಣಲ್ಲೂ ನೀರು ಬಂತು. 2022ರ ಅಕ್ಟೋಬರಿನಿಂದ ಬೆಂಗಳೂರಿಗೆ ಎಮಿರೇಟ್ಸ್‌ನ ಎರಡು ಅಂತಸ್ತಿನ ಎ380 ಬರುತ್ತಿರುವಾಗ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಬೇರೆಯದರಲ್ಲಿ ಟಿಕೆಟ್ ತೆಗೆದಿದ್ದಳಲ್ಲ ಎಂಬ ಸಂಕಟ.

ಮಾವ ನಿವೃತ್ತ ಬ್ಯಾಂಕ್ ಅಧಿಕಾರಿ. ಸರ್ವಿಸಿನ ಬಹುಭಾಗ ಕ್ಲಿಯರಿಂಗ್ ವಿಭಾಗದಲ್ಲಿ ಕಳೆದವರು. ಊರಿನವರ ಚೆಕ್ಕುಗಳನ್ನು ಮೆಮೊ ಲಗತ್ತಿಸಿ ಹಿಂದಿರುಗಿಸುವುದೇ ಕೆಲಸ. ಸಹಿ ತಾಳೆಯಾಗುತ್ತಿಲ್ಲ, ಅಂಕಿಗೂ ಅಕ್ಷರಕ್ಕೂ ಹೊಂದಿಕೆಯಿಲ್ಲ, ದಿನಾಂಕ ಮುಂದಿನದು. ಸ್ವಂತ ಷಡ್ಡಕನ ಚೆಕ್ಕನ್ನೂ ಬಿಟ್ಟವರಲ್ಲ. ಇಂಥವರು ಗ್ರ್ಯಾಚುಟಿ ಹಣದಲ್ಲಿ ಕ್ಯಾಮೆರಾ ಕೊಂಡರು.

ಮೊದಲ ಫೋಟೊ ಕುಟುಂಬದ ವಾಟ್ಸಾಪ್ ಗುಂಪಿಗೆ ಬಂತು. ಕೆಂಪು ಸೂರ್ಯ, ಅದರ ಪಕ್ಕ ಒಂದು ಕಪ್ಪು ಗೆರೆ. ಆ ಗೆರೆಯೇ ವಿಮಾನ. "ಸೂಪರ್ ಭಾವ!", "ಎಕ್ಸಿಬಿಷನ್ ಇಡಿ ದೊಡ್ಡಪ್ಪ" ಎಂಬ ಪ್ರತಿಕ್ರಿಯೆಗಳು ಸುರಿದವು. ಹಳೆಯ ಚೆಕ್ಕಿನ ಷಡ್ಡಕ ಕೂಡ ದ್ವೇಷ ಮರೆತು ಎರಡು ಹೆಬ್ಬೆರಳು ಎತ್ತಿದರು. ಮಾವನನ್ನು ಕೆಡಿಸಿದ್ದು ಈ ಹೆಬ್ಬೆರಳುಗಳೇ.

ವಿಮಾನದ ಫೋಟೊಗಳಿಗಾಗಿಯೇ ಜೆಟ್‌ಫೋಟೋಸ್, ಏರ್‌ಲೈನರ್ಸ್ ಡಾಟ್ ನೆಟ್‌ನಂಥ ಜಾಗತಿಕ ಚಿತ್ರಭಂಡಾರಗಳಿವೆ. ಅಲ್ಲಿ ಕಳಿಸಿದ್ದೆಲ್ಲ ಒಳಗೆ ಹೋಗುವುದಿಲ್ಲ. ಸ್ಕ್ರೀನರ್ ಎಂಬ ಪರೀಕ್ಷಕರು ಒಂದೊಂದನ್ನೂ ಹಿಗ್ಗಿಸಿ ನೋಡಿ, ಪಾಸು ಅಥವಾ ಫೇಲು ಎನ್ನುತ್ತಾರೆ. ಅವರು ಹವ್ಯಾಸಕ್ಕೆ ದುಡಿಯುವ ಸ್ವಯಂಸೇವಕರು. ಸಂಬಳವಿಲ್ಲ, ಹಾಗಾಗಿ ಮುಲಾಜೂ ಇಲ್ಲ. ಅಂಥದ್ದೊಂದು ಭಂಡಾರಕ್ಕೆ ಮಾವ ಫೋಟೊ ಕಳಿಸಿದರು. ಅದು ಹಿಂದಿರುಗಿತು, ಜೊತೆಗೆ ಕಾರಣದ ಪಟ್ಟಿ: ದಿಗಂತ ಓರೆ, ಚಿತ್ರ ಮಸುಕು, ಸೆನ್ಸರಿನಲ್ಲಿ ಧೂಳು, ವಿಮಾನ ಚೌಕಟ್ಟಿನ ನಡುವಿಲ್ಲ. ಊರಿಗೆಲ್ಲ ಮೆಮೊ ಹಂಚಿದವರ ಕೈಗೆ ಕಡೆಗೂ ಒಂದು ಮೆಮೊ ಬಂತು.

"ದಿಗಂತ ಓರೆ ಅಂತೆ! ದೇವನಹಳ್ಳಿಯ ನೆಲವೇ ಓರೆ ಇದ್ದರೆ ನಾನೇನು ಮಾಡಲಿ?" ಎಂದು ಮಾವ ಗುಡುಗಿದರು. ಈ ವಾದದಲ್ಲಿ ಅರ್ಧ ಸತ್ಯವಿತ್ತು. ರನ್‌ವೇಗೂ ಸುತ್ತಲಿನ ನೆಲಕ್ಕೂ ಇಳಿಜಾರು ಇರುತ್ತದೆ. ಆದ್ದರಿಂದಲೇ ನುರಿತವರು ನೆಲವನ್ನು ನಂಬುವುದಿಲ್ಲ. ಚಿತ್ರದ ನಡುಭಾಗದಲ್ಲಿ ನೆಟ್ಟಗೆ ನಿಂತ ಕಂಟ್ರೋಲ್ ಟವರು, ದೀಪದ ಕಂಬ, ಹ್ಯಾಂಗರಿನ ಮೂಲೆ, ಯಾವುದಾದರೊಂದನ್ನು ಹಿಡಿದು ಚಿತ್ರವನ್ನು ನೇರಮಾಡುತ್ತಾರೆ. ಈ ಗುಟ್ಟು ತಿಳಿದಂದಿನಿಂದ ಮಾವನ ಕಣ್ಣು ಓರೆಯನ್ನು ಸಹಿಸದು. ನೆಂಟರ ಮನೆಗೆ ಹೋದರೆ ಕಾಫಿ ಬರುವ ಮೊದಲು ಗೋಡೆಯ ಮೇಲಿನ ತಿರುಪತಿ ತಿಮ್ಮಪ್ಪನನ್ನು ನೇರಮಾಡುತ್ತಾರೆ. ಗೃಹಪ್ರವೇಶವೊಂದರಲ್ಲಿ, "ನಿಮ್ಮ ಬಾಗಿಲುವಾಡ ಅರ್ಧ ಡಿಗ್ರಿ ಬಲಕ್ಕೆ ವಾಲಿದೆ" ಎಂದು ಹೇಳಿ ಆ ಮನೆಯ ಊಟ ಕಳೆದುಕೊಂಡರು.

ಧೂಳಿನ ವಿಷಯ ಇನ್ನೂ ಸ್ವಾರಸ್ಯ. ಮಾವ ಮುಂದೆ ಯಲಹಂಕದ ಏರೋ ಇಂಡಿಯಾಕ್ಕೆ ಹೋದರು. 1996ರಿಂದ ನಡೆಯುತ್ತ ಬಂದಿರುವ ಪ್ರದರ್ಶನ ಅದು. ಸೂರ್ಯಕಿರಣ ತಂಡದ ಹಾಕ್ ವಿಮಾನಗಳನ್ನು ಸಾಲಾಗಿ ಹಿಡಿದು ತಂದರು. ನೀಲಿ ಆಕಾಶದ ಮೂಲೆಯಲ್ಲಿ ಒಂದು ಕಪ್ಪು ಚುಕ್ಕೆ. "ಹದ್ದು ಕಣೋ," ಎಂದರು. ನಂಬುವಂಥದ್ದೇ. ಏರ್ ಶೋ ದಿನಗಳಲ್ಲಿ ಹದ್ದುಗಳು ಬಂದು ವಿಮಾನಕ್ಕೆ ಬಡಿಯದಿರಲಿ ಎಂದು ಯಲಹಂಕದ ಸುತ್ತ ಮಾಂಸದಂಗಡಿಗಳನ್ನೇ ಮುಚ್ಚಿಸುತ್ತಾರೆ. ಆದರೆ ಮುಂದಿನ ಫೋಟೊದಲ್ಲೂ ಅದೇ ಜಾಗದಲ್ಲಿ ಅದೇ ಹದ್ದು. ತೇಜಸ್ ಬಂದಾಗಲೂ ಹದ್ದು ಕದಲಿಲ್ಲ. ಕೊನೆಗೆ ನಮ್ಮ ಮನೆಯ ತಾರಸಿಯಿಂದ ತೆಗೆದ ಹುಣ್ಣಿಮೆಯ ಚಂದ್ರನ ಪಕ್ಕದಲ್ಲೂ ಅದು ಹಾಜರಾದಾಗ ಮಾವ ಕ್ಯಾಮೆರಾವನ್ನು ಸರ್ವಿಸಿಗೆ ಕೊಟ್ಟರು. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಕಿರಿದಾದಷ್ಟೂ ಸೆನ್ಸರಿನ ಧೂಳು ಎದ್ದು ಕಾಣುತ್ತದೆ. ಎಫ್/16ರಲ್ಲಿ ಕುಣಿಯುವ ಚುಕ್ಕೆ ಎಫ್/8ರಲ್ಲಿ ಬಹುಮಟ್ಟಿಗೆ ಮಾಯ. ಫೋಟೋಶಾಪಿನಲ್ಲಿ ಈಕ್ವಲೈಸ್ ಒತ್ತಿ ನೋಡಿದರೆ ಅಡಗಿದ್ದೂ ಹೊರಬೀಳುತ್ತದೆ. ಕಳಿಸುವ ಮೊದಲು ಅದನ್ನು ಒತ್ತುವುದು ಈಗ ಮಾವನಿಗೆ ಸಂಧ್ಯಾವಂದನೆಯಷ್ಟೇ ಕಡ್ಡಾಯ.

ಇನ್ನು ಮಸುಕು. ಇದಕ್ಕೆ ಮಾವ ಕಂಡುಕೊಂಡ ಪರಿಹಾರ ದುಡ್ಡು. ಮೊಳದುದ್ದದ 600 ಮಿಲಿಮೀಟರ್ ಲೆನ್ಸ್ ಮನೆಗೆ ಬಂತು. ಅತ್ತೆ ಅದರ ಬೆಲೆ ಕೇಳಿದರು. ಮಾವ ಅದರ ತೂಕ ಹೇಳಿದರು. ಮಧ್ಯಾಹ್ನದ ಊಟ ಮುಗಿಸಿ, ಕಿಲೋಮೀಟರುಗಟ್ಟಲೆ ದೂರದಿಂದ, ಕಾದ ಕಾಂಕ್ರೀಟಿನಾಚೆಯ ವಿಮಾನವನ್ನು ಎಳೆದು ತೆಗೆದರು. ಫೋಟೊದಲ್ಲಿ ವಿಮಾನದ ಹೊಟ್ಟೆ ನೀರಿನಲ್ಲಿ ಬಿದ್ದ ನೆರಳಿನಂತೆ ಅಲುಗುತ್ತಿತ್ತು. ಮೆಮೊ ಬಂತು: ಬಿಸಿಲ ಝಳ. ಝಳವೆಂದರೆ ಕಾದ ನೆಲದ ಮೇಲೆ ಗಾಳಿಯ ಸಾಂದ್ರತೆ ಗಳಿಗೆಗೊಮ್ಮೆ ಬದಲಾಗಿ ಬೆಳಕು ಬಾಗುವುದು. ನಡುವೆ ಗಾಳಿ ಹೆಚ್ಚಿದಷ್ಟೂ ಅಲುಗಾಟ ಹೆಚ್ಚು. ಉದ್ದನೆಯ ಲೆನ್ಸ್ ವಿಮಾನವನ್ನು ಹಿಗ್ಗಿಸುವಾಗ ಝಳವನ್ನೂ ಅಷ್ಟೇ ನಿಷ್ಠೆಯಿಂದ ಹಿಗ್ಗಿಸುತ್ತದೆ. ಅದಕ್ಕೆ ಅಂಗಡಿಯಲ್ಲಿ ಮದ್ದಿಲ್ಲ. ಬೆಳಗಿನ ಹೊತ್ತು ಹೋಗಬೇಕು, ಆದಷ್ಟು ಹತ್ತಿರ ಹೋಗಬೇಕು.

ಮಾವ ಅಷ್ಟು ಸುಲಭಕ್ಕೆ ಬೇಗ ಏಳುವವರಲ್ಲ. ಕಂಪ್ಯೂಟರಿನಲ್ಲಿ ಶಾರ್ಪನ್ ಎಂಬ ಗುಂಡಿಯನ್ನು ಕಂಡುಹಿಡಿದು ಮನಸೋ ಇಚ್ಛೆ ಒತ್ತಿದರು. ವಿಮಾನದ ಅಂಚು ಕಚ್ಚುಕಚ್ಚಾಗಿ, ಸುತ್ತ ಬಿಳಿಯ ಪ್ರಭಾವಳಿ ಮೂಡಿತು. ಮೆಮೊ: ಶಾರ್ಪನಿಂಗ್ ಅತಿ. ಕಡಿಮೆ ಮಾಡಿ ಕಳಿಸಿದರು. ಮೆಮೊ: ಮಸುಕು. ಹೆಚ್ಚು ಮಾಡಿದರು. ಅತಿ. ಈ ಪತ್ರವ್ಯವಹಾರ ನಡೆದಷ್ಟು ಕಾಲ ಅತ್ತೆಗೆ ಮನೆಯಲ್ಲಿ ನೆಮ್ಮದಿಯಿತ್ತು.

ಒಂದು ದಿನ ಎಟಿಆರ್ 72 ಸಿಕ್ಕಿತು. ಹುಬ್ಬಳ್ಳಿ, ಮೈಸೂರಿನಂಥ ಊರುಗಳಿಗೆ ಓಡಾಡುವ ಪ್ರೊಪೆಲ್ಲರ್ ವಿಮಾನ. ಅಲುಗಾಡದಿರಲೆಂದು ಮಾವ ಶಟರ್ ವೇಗವನ್ನು ಸೆಕೆಂಡಿನ 2000ನೇ ಒಂದು ಭಾಗಕ್ಕಿಟ್ಟು ಹೊಡೆದರು. ಚಿತ್ರವೇನೋ ಕೊರೆದಿಟ್ಟಂತಿತ್ತು, ಪ್ರೊಪೆಲ್ಲರ್ ಮಾತ್ರ ನಿಂತೇಹೋಗಿತ್ತು. ಅತ್ತೆ ನೋಡಿ, "ಅಯ್ಯೋ, ಆಮೇಲೆ ಬಿದ್ದುಹೋಯ್ತೇನ್ರಿ?" ಎಂದರು. ಯಾವ ಸ್ಕ್ರೀನರನೂ ಇಷ್ಟು ಚುಟುಕಾಗಿ ಹೇಳಿರಲಿಲ್ಲ. ಜೆಟ್ಟಿಗೆ 1/1000 ಸರಿ. ಪ್ರೊಪೆಲ್ಲರಿಗೆ 1/250ರಿಂದ 1/125ಕ್ಕೆ ಇಳಿಯಬೇಕು, ವಿಮಾನದ ಜೊತೆಯಲ್ಲೇ ಸೊಂಟದಿಂದ ತಿರುಗಬೇಕು. ಮಾವ ಬಳ್ಳಾರಿ ರಸ್ತೆಯ ಲಾರಿಗಳ ಮೇಲೆ ಅಭ್ಯಾಸ ಮಾಡಿದರು. ವಿಮಾನಕ್ಕಿಂತ ಮೊದಲು ಸೊಂಟ ಹಿಡಿಯಿತು.

ಇಷ್ಟಾದ ಮೇಲೆ ಮಾವ ದಾರಿಗೆ ಬಂದರು. ನಸುಕಿಗೇ ಎದ್ದು, ಅತ್ತೆ ಹಚ್ಚಿದ ಊದುಬತ್ತಿಯ ಹೊಗೆ ಎತ್ತ ವಾಲುತ್ತದೆಂದು ಕಿಟಕಿಯ ಬಳಿ ನಿಂತು ನೋಡುವರು. ಅತ್ತೆ ಅದನ್ನು ಭಕ್ತಿಯೆಂದು ತಿಳಿದು ಸಂತೋಷಪಟ್ಟರು. ವಿಮಾನ ಗಾಳಿಗೆ ಎದುರಾಗಿ ಏರುತ್ತದೆ, ಎದುರಾಗಿ ಇಳಿಯುತ್ತದೆ. ದೇವನಹಳ್ಳಿಯ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ಮುಂಗಾರಿನ ಪಡುವಣ ಗಾಳಿಗೆ ವಿಮಾನಗಳು ಪೂರ್ವದಿಂದ ಇಳಿಯುತ್ತವೆ, ಚಳಿಗಾಲದ ಮೂಡಣ ಗಾಳಿಗೆ ಪಶ್ಚಿಮದಿಂದ. ದಕ್ಷಿಣದ ಮಗ್ಗುಲಲ್ಲಿ ನಿಂತರೆ ವರ್ಷದ ಬಹುಪಾಲು ಸೂರ್ಯ ಬೆನ್ನಿಗಿರುತ್ತಾನೆ, ವಿಮಾನದ ಮೈಮೇಲೆ ಬೆಳಕು ಬೀಳುತ್ತದೆ. ಊದುಬತ್ತಿಯಿಂದ ಇಷ್ಟು ಲೆಕ್ಕ ತೆಗೆದು ಮಾವ ಹೊರಡುತ್ತಿದ್ದರು.

ಅಲ್ಲಿ ಪೊಲೀಸಿನವರ ಭೇಟಿ. "ಏನ್ ಸಾರ್, ಇಷ್ಟುದ್ದ ಲೆನ್ಸ್ ಇಟ್ಕೊಂಡು ಏನ್ ನಡೀತಿದೆ?"

"ನೋಡಿ ಸ್ವಾಮಿ, 1937ರ ವಿಮಾನ ನಿಯಮಾವಳಿಯ 13ನೇ ನಿಯಮ. ಏರ್‌ಪೋರ್ಟ್ ಒಳಗೆ ಪರ್ಮಿಷನ್ ಇಲ್ಲದೆ ಫೋಟೊ ತೆಗೆಯೋ ಹಾಗಿಲ್ಲ. ನಾನಿರೋದು ರಸ್ತೇಲಿ. ಏರ್‌ಫೋರ್ಸ್‌ನೋರ ಜಾಗದ ಹತ್ತಿರ ಕ್ಯಾಮೆರಾ ಎತ್ತೋದೇ ಇಲ್ಲ. ಯಲಹಂಕಕ್ಕೆ ಏರ್ ಶೋ ಟಿಕೆಟ್ ತಗೊಂಡೇ ಹೋಗ್ತೀನಿ."

"ಅದೆಲ್ಲಾ ಸರಿ ಸಾರ್. ನಮ್ ಭಾಮೈದ ದುಬೈಯಿಂದ ಬರ್ತಾವ್ನೆ. ಫ್ಲೈಟು ಲೇಟಂತಾ?"

ಮಾವ ಫೋನ್ ತೆರೆದು ವಿಮಾನದ ಎತ್ತರ, ವೇಗ, ವಯಸ್ಸು ಎಲ್ಲ ಹೇಳಿದರು. ಲೇಟೋ ಇಲ್ಲವೋ ಎಂಬುದೊಂದನ್ನು ಹೇಳಲು ಮರೆತರು. "ಬೇಗ ಜಾಗ ಖಾಲಿ ಮಾಡಿ ಸಾರ್," ಎಂದು ಅವರು ಹೊರಟರು.

ಕಡೆಗೂ ಒಂದು ಫೋಟೊ ಪಾಸಾಯಿತು. ಇಂಡಿಗೋದ ಸಾದಾ ಎ320. ದಿನಕ್ಕೆ ಅದೆಷ್ಟೋ ಬಾರಿ ನೆತ್ತಿಯ ಮೇಲೆ ಹೋಗುವಂಥದ್ದು. ಸೂರ್ಯಾಸ್ತವಿಲ್ಲ, ಮೋಡವಿಲ್ಲ, ಗುಡ್ಡವಿಲ್ಲ. ಮೂತಿಯಿಂದ ಬಾಲದವರೆಗೆ ಒಂದಿಷ್ಟೂ ಕತ್ತರಿಸಿಲ್ಲ, ಮೇಲೆ ಕೆಳಗೆ ಸಮನಾದ ಜಾಗ, ಬಾಲದ ಬಳಿ ವಿಟಿ ಎಂದು ಶುರುವಾಗುವ ನೋಂದಣಿ ಅಕ್ಷರಗಳನ್ನು ಅಜ್ಜಿಯೂ ಓದಬಹುದು. ಮಾವ ಅದನ್ನು ವಾಟ್ಸಾಪ್ ಗುಂಪಿಗೆ ಹಾಕಿದರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಷಡ್ಡಕರು ಬರೆದರು: "ಇದರಲ್ಲಿ ಬರೀ ವಿಮಾನ ಇದೆಯಲ್ಲ ಭಾವ. ಆ ಸನ್‌ಸೆಟ್ ಚೆನ್ನಾಗಿತ್ತು."

ಮಾವನಿಗೆ ಬೇಸರವಾಗಲಿಲ್ಲ. ಸ್ಕ್ರೀನರನ ಮೇಲೆ ಅವರಿಗೀಗ ಸಹೋದ್ಯೋಗಿಯ ಗೌರವ. "ಸಹಿ ತಾಳೆಯಾಗಲಿಲ್ಲ ಅಂದರೆ ಆಗಲಿಲ್ಲ. ನೆಂಟ, ಇಷ್ಟ ಅಂತ ನೋಡೋಕಾಗುತ್ತಾ?" ಎನ್ನುತ್ತಾರೆ. ಈಗ ಕಳಿಸುವ ಮೊದಲು ತಮ್ಮ ಫೋಟೊಗಳನ್ನು ತಾವೇ ಕ್ಲಿಯರಿಂಗಿಗೆ ಕೂರಿಸುತ್ತಾರೆ. ಹೆಚ್ಚಿನವು ಅಲ್ಲೇ ಬೌನ್ಸ್ ಆಗುತ್ತವೆ.

ಹೊಸದಾಗಿ ಕ್ಯಾಮೆರಾ ಕೊಂಡು ಆಕಾಶ ನೋಡುತ್ತಿರುವವರಿಗೆ ಹೇಳುವುದಿಷ್ಟೆ. ಹೆಬ್ಬೆರಳು ಬೇಕಿದ್ದರೆ ಸೂರ್ಯಾಸ್ತ ತೆಗೆದು ನೆಂಟರಿಗೆ ಕಳಿಸಿ. ಫೋಟೊ ಸುಧಾರಿಸಬೇಕಿದ್ದರೆ ಮುಲಾಜಿಲ್ಲದವರಿಗೆ ಕಳಿಸಿ, ಅವರ ಮೆಮೊವನ್ನು ಜಗಳವಾಡದೆ ಓದಿ. ದುಡ್ಡಿದ್ದರೆ ಲೆನ್ಸ್ ಕೊಳ್ಳಿ, ಬೇಡವೆನ್ನುವುದಿಲ್ಲ. ಅದಕ್ಕೆ ಮೊದಲು ಬೆಳಗಿನ ಐದಕ್ಕೆ ಅಲಾರಂ ಇಡಿ.