ಶ್ರಾವಣದಲ್ಲಿ ಶಂಖದ ಹುಳು

ಯಾದಗಿರಿ ಜಿಲ್ಲೆಯಲ್ಲಿ ಸಸಿ ಬೆಳೆಸುವವರಿಗೆ ಒಬ್ಬನೇ ವೈರಿ, ಸೂರ್ಯ. ಬೇಸಿಗೆಯಲ್ಲಿ 43, 44 ಡಿಗ್ರಿ ಮುಟ್ಟುವ ಊರುಗಳಿವು. ಬಿಸಿಲಿಗೆ ಹೆದರಿ ಹಸಿರು ಪರದೆ ಕಟ್ಟುತ್ತೇವೆ, ಎರಡು ಹೊತ್ತು ನೀರು ಹಾಕುತ್ತೇವೆ, ಮಳೆ ಯಾವಾಗ ಬಂದೀತೆಂದು ಮುಗಿಲು ನೋಡುತ್ತೇವೆ. ಮಳೆ ಬಂದ ಮೇಲೆ ಶುರುವಾಗುವ ಕಷ್ಟದ ಬಗ್ಗೆ ಮಾತ್ರ ಯಾರೂ ನನಗೆ ಹೇಳಿರಲಿಲ್ಲ.

ಸುರಪುರದ ನಮ್ಮ ಹಿತ್ತಲಲ್ಲಿ ಬದನೆ, ಮೆಣಸಿನಕಾಯಿ, ಚೆಂಡುಹೂವಿನ ಬೀಜ ಹಾಕಿದ್ದೆ. ಎರಡೆರಡು ಎಲೆ ಮೂಡಿ, ಬಂದವರಿಗೆಲ್ಲ ತೋರಿಸುವ ಹದಕ್ಕೆ ಬಂದಿದ್ದವು. ಒಂದು ರಾತ್ರಿ ಜಿಟಿಜಿಟಿ ಮಳೆ ಹಿಡಿಯಿತು. ಮುಂಜಾನೆ ನೋಡಿದರೆ ಎಲೆಗಳೆಲ್ಲ ಮಾಯ. ಉರಿದು ಮುಗಿದ ಊದುಬತ್ತಿಯ ಕಡ್ಡಿಗಳಂತೆ ಬರೀ ದಂಟು ನಿಂತಿದ್ದವು. ಮಣ್ಣಿನಿಂದ ಗೋಡೆಯವರೆಗೆ ಒಣಗಿದ ಲೋಳೆಯ ಗೆರೆ ಮಿರಮಿರ ಮಿಂಚುತ್ತಿತ್ತು. ಗೆರೆ ಹಿಡಿದು ಹೋದರೆ, ಅಂಗೈ ತುಂಬುವಷ್ಟು ದೊಡ್ಡ ಶಂಖದ ಹುಳು ಗೋಡೆಗೆ ಅಂಟಿಕೊಂಡು ನಿಧಾನವಾಗಿ ಸುಣ್ಣ ಕೆರೆಯುತ್ತಿತ್ತು. ಎಲೆ ಆಗಿತ್ತು, ಸುಣ್ಣ ನಡೆದಿತ್ತು; ಅಡಿಕೆಯೊಂದೇ ಬಾಕಿ.

ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಓದುವ ನನ್ನ ಅಳಿಯ ಅದರ ಜಾತಕ ಬಿಚ್ಚಿದ. ಇದು ಆಫ್ರಿಕಾದ ದೈತ್ಯ ಬಸವನಹುಳು. 1847ರಲ್ಲಿ ಬೆನ್ಸನ್ ಎಂಬ ಸಾಹೇಬ, ಶಂಖ ಚಿಪ್ಪುಗಳ ಹುಚ್ಚಿನವನು, ಮಾರಿಷಸ್ಸಿನಿಂದ ತಂದು ಕಲ್ಕತ್ತೆಯ ಚೌರಂಗಿಯ ತೋಟವೊಂದಕ್ಕೆ ಬಿಟ್ಟದ್ದು. ಅದೇ ಕಾಲಕ್ಕೆ ನಮ್ಮ ಸುರಪುರದಲ್ಲೂ ಒಬ್ಬ ಸಾಹೇಬನಿದ್ದ, ಮೆಡೋಸ್ ಟೇಲರ್. ಆತ ಗುಡ್ಡದ ಮೇಲೊಂದು ಬಂಗಲೆ ಬಿಟ್ಟು ಹೋದ. ಸಾಹೇಬರ ವಿಷಯದಲ್ಲಿ ನಮ್ಮ ಪುಣ್ಯವೇ ಗಟ್ಟಿ. ಆದರೆ ಬೆನ್ಸನ್ನನ ಸಂತತಿ ನಿಧಾನವಾಗಿಯಾದರೂ ಇಲ್ಲಿಗೂ ಬಂದು ಮುಟ್ಟಿತು. ನರ್ಸರಿಯ ಕುಂಡದಲ್ಲೋ, ಗೊಬ್ಬರದ ಟ್ರ್ಯಾಕ್ಟರಿನಲ್ಲೋ, ಅಂತೂ ನಡೆದು ಬಂದಿರಲಾರದು.

ಒಂದೇ ಹುಳು ಗಂಡೂ ಹೌದು, ಹೆಣ್ಣೂ ಹೌದು. ಎರಡು ಕೂಡಿದರೆ ಎರಡೂ ಬಸುರಿ. ಒಂದು ಸಲಕ್ಕೆ ನೂರು, ಇನ್ನೂರು ಮೊಟ್ಟೆ. ಬೇಸಿಗೆ ಬಂತೆಂದರೆ ಮಣ್ಣೊಳಗೆ ಸೇರಿ, ಶಂಖದ ಬಾಯಿಗೆ ಒಂದು ಪೊರೆಯ ಬಾಗಿಲು ಜಡಿದುಕೊಂಡು ತಿಂಗಳುಗಟ್ಟಲೆ ಮಲಗಿಬಿಡುತ್ತದೆ. ಶಹಾಪುರದ ಗುಡ್ಡದಲ್ಲಿ ಬುದ್ಧ ಮಲಗಿದಂತೆ ಕಾಣುತ್ತಾನಲ್ಲ, ಅವನನ್ನು ಬಿಟ್ಟರೆ ನಮ್ಮ ಬಿಸಿಲಲ್ಲಿ ಇಷ್ಟು ನಿಶ್ಚಿಂತೆಯಿಂದ ಮಲಗಿದವರನ್ನು ನಾನು ಕಂಡಿಲ್ಲ.

ಅಂಗಡಿಯವನು ವಿಷದ ಗುಳಿಗೆ ಕೊಡಲು ಬಂದ. ಓಣಿಯ ನಾಯಿ, ದನ ಬಾಯಿ ಹಾಕಿದರೆ ಏನು ಗತಿ ಎಂದು ಬೇಡವೆಂದೆ. ಅದೂ ಅಲ್ಲದೆ ಶ್ರಾವಣ. “ಈ ತಿಂಗಳ ಜೀವ ತೆಗೀಬ್ಯಾಡ್ರಿ, ಬ್ಯಾರೆ ಏನರ ಮಾಡ್ರಿ” ಎಂದು ಮನೆಯಾಕೆಯ ಅಪ್ಪಣೆಯಾಗಿತ್ತು. ಹೀಗೆ ನಾನು ಸಾವಯವ ಕೃಷಿಕನಾದೆ.

ಪಕ್ಕದ ಮನೆಯ ಮುತ್ತ್ಯಾ ಬೂದಿಯ ಪಕ್ಷ. “ಸುತ್ತ ಬೂದಿ ಹಾಕ್ರಿ, ಒಂದೂ ದಾಟಂಗಿಲ್ಲ.” ಗ್ಯಾಸ್ ಒಲೆಯ ಕಾಲದಲ್ಲಿ ಬೂದಿ ಎಲ್ಲಿಂದ ತರುವುದು? ಕಟ್ಟಿಗೆ ಒಲೆಯ ಮೇಲೆ ರೊಟ್ಟಿ ಬಡಿಯುವ ಖಾನಾವಳಿಯೊಂದಕ್ಕೆ ಹೋಗಿ, ಊಟ ಮಾಡಿ, ಪಾರ್ಸಲ್ ಎಂದು ಬೂದಿ ಕಟ್ಟಿಸಿಕೊಂಡು ಬಂದೆ. ಮಡಿಯ ಸುತ್ತ ಗೆರೆ ಎಳೆದೆ. ರಾತ್ರಿ ಮಳೆ ಬಂತು; ಬೂದಿ ಕರಗಿ ಕೆಸರಾಯಿತು, ಹುಳುಗಳಿಗೆ ಹಾಸಿದ ಹಾದಿಯಾಯಿತು. ಬೂದಿಯಾಗಲಿ ಸುಣ್ಣದ ಪುಡಿಯಾಗಲಿ ಕೆಲಸ ಮಾಡುವುದು ಒಣಗಿದ್ದಾಗ ಮಾತ್ರ, ಹುಳು ಹೊರಗೆ ಬರುವುದು ಹಸಿಯಾದಾಗ ಮಾತ್ರ. ಔಷಧಕ್ಕೂ ರೋಗಕ್ಕೂ ಮುಖಾಮುಖಿಯೇ ಇಲ್ಲ. ಮುತ್ತ್ಯಾನ ಮುಂದೆ ಇದನ್ನು ಹೇಳಿದೆ. “ಮಳಿ ಬಂದ್ರ ನಾ ಏನ್ ಮಾಡ್ಲಿ?” ಎಂದರು. ನ್ಯಾಯವೇ.

ಮುಂದಿನದು ಮೊಟ್ಟೆಯ ಸಿಪ್ಪೆ. ಪುಡಿ ಮಾಡಿ ಚೆಲ್ಲಿದರೆ ಅದರ ಚೂಪಿಗೆ ಹುಳು ಹತ್ತಿರ ಬರುವುದಿಲ್ಲವಂತೆ. ನಮ್ಮದು ಮೊಟ್ಟೆ ಮುಟ್ಟದ ಮನೆ. ಸಂಜೆ ಕತ್ತಲಾದ ಮೇಲೆ ಬಸ್‌ಸ್ಟ್ಯಾಂಡಿನ ಕಡೆಯ ಎಗ್‌ರೈಸ್ ಗಾಡಿಗೆ ಹೋಗಿ, ಮರೆಯಲ್ಲಿ ನಿಂತು, ಸಿಪ್ಪೆಯ ಚೀಲ ಇಸಿದುಕೊಳ್ಳುವ ಹೊತ್ತಿಗೆ ಸರಿಯಾಗಿ ನಮ್ಮ ಮಠದ ಪುರಾಣಕ್ಕೆ ಹೊರಟಿದ್ದ ಪರಿಚಯದವರೊಬ್ಬರು ಎದುರಾದರು. ಗಾಡಿ ನೋಡಿದರು, ಚೀಲ ನೋಡಿದರು. “ಶ್ರಾವಣ ಸೋಮವಾರ ಅದರಿ ಸರ ಇವತ್ತ” ಎಂದರು, ಅಷ್ಟೇ. “ಬರೇ ಸಿಪ್ಪಿರಿ, ಹುಳಕ್ಕ” ಎಂದೆ. ಆ ಮಾತನ್ನು ನಾನಾದರೂ ನಂಬುತ್ತಿದ್ದೆನೇ? ಇಷ್ಟು ಮಾನ ಕಳೆದುಕೊಂಡು ತಂದ ಸಿಪ್ಪೆಯನ್ನು ಹುಳುಗಳು ತಿಂದವು. ಶಂಖ ಗಟ್ಟಿಯಾಗಲು ಅವಕ್ಕೆ ಕ್ಯಾಲ್ಸಿಯಂ ಬೇಕು, ಗೋಡೆಯ ಸುಣ್ಣ ಕೆರೆಯುವುದೂ ಅದಕ್ಕೇ ಎಂದು ಅಳಿಯ ಆಮೇಲೆ ವಿವರಿಸಿದ. ಓದಿದವರು ಯಾವಾಗಲೂ ಆಮೇಲೆಯೇ ವಿವರಿಸುತ್ತಾರೆ.

ತಟ್ಟೆಯಲ್ಲಿ ಬಿಯರ್ ಇಡುವ ಉಪಾಯವನ್ನೂ ಅವನೇ ಹೇಳಿದ. ಹುದುಗಿದ ವಾಸನೆಗೆ ಬಂದು ಮುಳುಗುತ್ತವಂತೆ. “ಶ್ರಾವಣದಾಗ ಮಂದೀನೇ ಬಿಟ್ಟಾರ, ನೀವು ಹುಳಕ್ಕ ಕುಡಸ್ತೀರೇನ?” ಎಂಬ ಪ್ರಶ್ನೆ ಅಡುಗೆಮನೆಯಿಂದ ಬಂತು. ತಾಮ್ರದ ಪಟ್ಟಿ ಸುತ್ತಿದರೆ ದಾಟುವುದಿಲ್ಲ ಎಂದು ಇನ್ನಾರೋ ಅಂದರು. ಅಂದಿನಿಂದ ದೇವರ ಮನೆಯ ತಾಮ್ರದ ತಂಬಿಗೆ ಕಪಾಟಿನೊಳಗೆ ಸೇರಿದೆ.

ಕೋಟೆ ಕಟ್ಟುವ, ಮುತ್ತಿಗೆ ಹಾಕುವ ವಿದ್ಯೆ ಈ ಸೀಮೆಯಲ್ಲಿ ದೊಡ್ಡವರಿಗೇ ಕೈಗೂಡಿಲ್ಲ. 1705ರಲ್ಲಿ ಎಂಬತ್ತು ದಾಟಿದ ಔರಂಗಜೇಬ ಖುದ್ದು ಬಂದು ಇಲ್ಲೇ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಕೊನೆಗೆ ಒಳಹೊಕ್ಕರೆ ಬೇಡರ ನಾಯಕ ರಾತ್ರೋರಾತ್ರಿ ಜಾರಿಕೊಂಡಿದ್ದ. ಬಾದಶಹನಿಗೆ ಸಿಕ್ಕಿದ್ದು ಖಾಲಿ ಕೋಟೆ. ಹಗಲಲ್ಲಿ ಹುಳು ಹುಡುಕಲು ಹೋಗುತ್ತಿದ್ದ ನನಗೂ ಸಿಗುತ್ತಿದ್ದದ್ದು ಖಾಲಿ ಮಡಿಯೇ.

ಆದ್ದರಿಂದ ತಡೆಯುವುದನ್ನು ಬಿಟ್ಟು ಕರೆಯುವುದಕ್ಕೆ ಶುರುಮಾಡಿದೆ. ಸಂಜೆ ಒಂದು ಗೋಣಿಚೀಲ ಚೆನ್ನಾಗಿ ನೆನೆಸಿ ಮಡಿಯ ಪಕ್ಕ ಹಾಸುವುದು, ಅದರ ಕೆಳಗೆ ಪಪ್ಪಾಯಿ ಎಲೆ, ಬಾಡಿದ ಕೋಸಿನ ಎಲೆ, ಬೆಲ್ಲ ಕಲಸಿದ ಒಂದು ಹಿಡಿ ತೌಡು. ಸಸಿಗಿಂತ ಇದು ರುಚಿ. ರಾತ್ರಿಯಿಡೀ ತಿಂದು, ಬಿಸಿಲೇರುವ ಮೊದಲು ಅಲ್ಲೇ ತಂಪಿಗೆ ಮಲಗುತ್ತವೆ. ಮುಂಜಾನೆ ಚೀಲ ಎತ್ತಿದರೆ ಸಭೆ ಸೇರಿರುತ್ತದೆ. ಬರಿಗೈಯಲ್ಲಿ ಮಾತ್ರ ಮುಟ್ಟಬಾರದು, ಅದರ ಲೋಳೆಯಲ್ಲಿ ನಮ್ಮ ಮಿದುಳಿಗೇ ಕುತ್ತು ತರುವ ಸೂಕ್ಷ್ಮ ಹುಳುಗಳಿರಬಹುದು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡೇ ಆರಿಸುವುದು. ಮಣ್ಣು ಕೆದರಿ ಮೊಟ್ಟೆಯನ್ನೂ ತೆಗೆಯಬೇಕು. ತಿಳಿಹಳದಿ ಬಣ್ಣದ ಸಣ್ಣ ಗುಂಡುಗಳು, ಒತ್ತೊತ್ತಾಗಿ ಇರುತ್ತವೆ. ಆರಿಸಿದ್ದೆಲ್ಲ ಬಕೆಟ್ಟಿನ ಉಪ್ಪು ನೀರಿಗೆ. ಉಪ್ಪನ್ನು ಮಡಿಯ ಮೇಲೇ ಎರಚಿದರೆ ಹುಳು ಸಾಯುತ್ತದೆ, ಆಮೇಲೆ ಆ ಮಣ್ಣಿನಲ್ಲಿ ಸಸಿಯೂ ಏಳುವುದಿಲ್ಲ. ಶ್ರಾವಣದ ಬಕೆಟ್ ಕೆಲಸ ಅಳಿಯನಿಗೆ ಬಿಟ್ಟೆ. ಅವನಿಗೆ ಅದು ಪಾಪವಲ್ಲ, ಪ್ರಾಕ್ಟಿಕಲ್.

ನನ್ನದೇನು, ಅಂಗೈಯಗಲದ ಮಡಿ. 2022ರಲ್ಲಿ ಲಾತೂರ್, ಉಸ್ಮಾನಾಬಾದ್ ಕಡೆ ಸೋಯಾ ಮೊಳಕೆಗಳನ್ನು ಇದೇ ಜಾತಿಯ ಹುಳುಗಳು ಮೇಯ್ದು, ರೈತರು ಮತ್ತೆ ಬಿತ್ತಬೇಕಾಯಿತು. ಅವರ ಎದುರು ಎಗ್‌ರೈಸ್ ಗಾಡಿಯ ಅವಮಾನ ಹೇಳಿಕೊಳ್ಳುವುದೂ ನಾಚಿಕೆ.

ರಾತ್ರಿ ಬ್ಯಾಟರಿ ಹಿಡಿದು ಆರಿಸಲು ಓಣಿಯ ಹುಡುಗರನ್ನು ಹಚ್ಚಿದೆ, ಹುಳಕ್ಕೆ ಒಂದು ರೂಪಾಯಿ. ಮಳೆ ಕಡಿಮೆಯಾದ ಹಾಗೆ ಲೆಕ್ಕ ಮಾತ್ರ ಏರುತ್ತ ಹೋಯಿತು. ಕಾಲುವೆ ಬದಿಯಿಂದಲೂ ಹಿಡಿದು ತರುತ್ತಿದ್ದಾರೆಂದು ಮುತ್ತ್ಯಾ ಗುಟ್ಟಾಗಿ ಹೇಳಿದ ಮೇಲೆ ಗುತ್ತಿಗೆ ರದ್ದು ಮಾಡಿದೆ. ದಸರೆಯ ಹೊತ್ತಿಗೆ ಬದನೆ ಕಾಯಿ ಬಿಟ್ಟಿತು. ಅವರಲ್ಲೇ ಚುರುಕಾದ ಹುಡುಗನೊಬ್ಬ ಬೇಲಿಯಾಚೆ ನಿಂತು ಕಾಯಿಗಳನ್ನು ತಿರುಗಿಸಿ ತಿರುಗಿಸಿ ನೋಡಿದ.

“ಕಾಕಾ, ಇದಕ್ಕ ತೂತ ಬಿದ್ದಾವ. ಒಳಗ ಹುಳ ಅದ.”

“ಗೊತ್ತದ, ಹೋಗು.”

“ಇದು ಕಾಯಿ ಕೊಯ್ದು ಹುಡುಕಬೇಕ್ರಿ, ಕೆಲಸ ಭಾಳ. ಒಂದಕ್ಕ ಎರಡ ರೂಪಾಯಿ ಆಗತದ.”